ಫ್ಲಾರೆನ್ಸಿನ ಕೊಸರು

ನಲವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಕೈಯನ್ನು ನಾನು ಒಂದೇ ಸಲ ಬಿಟ್ಟದ್ದು. ಅದೂ ಹತ್ತು ಹೆಜ್ಜೆಯಷ್ಟು ದೂರ. ಆ ಹತ್ತು ಹೆಜ್ಜೆ ವಾಪಸ್ಸು ನಡೆಯಲು ನಾನು ಇಟಲಿಯಿಂದ ಕಡೂರಿನವರೆಗೆ ಬರಬೇಕಾಯಿತು.

ಎಂಬತ್ನಾಲ್ಕನೇ ಇಸವಿಯ ಮಾತು. ಕಡೂರು ಬಸ್ ಸ್ಟ್ಯಾಂಡಿನ ಎದುರಿಗೆ ನನ್ನ ಪಂಪ್‌ಸೆಟ್ ಅಂಗಡಿ. ದೇವನೂರಿನಿಂದ ಲಿಂಗದಹಳ್ಳಿಯವರೆಗೆ ಎಲ್ಲಿ ಬೋರ್‌ವೆಲ್ ಕೊರೆದರೂ ಅದರೊಳಗೆ ಇಳಿಯುತ್ತಿದ್ದದ್ದು ದೇವೀರಪ್ಪ, ಅಂದರೆ ನಾನು, ಮಾರಿದ ಮೋಟಾರೇ. ಕಂಪನಿಯವರು ಖುಷಿಪಟ್ಟು, ಹೆಚ್ಚು ಮಾರಿದ ಡೀಲರುಗಳನ್ನು ಹೆಂಡತಿಯರ ಸಮೇತ ಇಟಲಿಗೆ ಕರೆದುಕೊಂಡು ಹೋದರು. ಒಂದು ದಿನ ಪಂಪಿನ ಕಾರ್ಖಾನೆ ನೋಡುವುದು, ಉಳಿದ ನಾಲ್ಕು ದಿನ ಫ್ಲಾರೆನ್ಸ್ ಎಂಬ ಪಟ್ಟಣದಲ್ಲಿ ತಿರುಗಾಡುವುದು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದ ದಿನದಿಂದ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆ ಕೊಡೆ ನನ್ನ ಕೈಯಲ್ಲೇ ಇತ್ತು.

ನನ್ನ ಹೆಂಡತಿ ಮಲ್ಲಿಕಾಂಬ ಮಾತ್ರ ಎಂದಿನ ಹಾಗೇ ಇದ್ದಳು. ಬೆಳಿಗ್ಗೆ ಲಿಂಗಪೂಜೆ ಆಗದೆ ನೀರೂ ಮುಟ್ಟದವಳು. ವಿಭೂತಿಗಟ್ಟಿಯ ಜೊತೆಗೆ ಒಂದು ಡಬ್ಬಿ ಅವಲಕ್ಕಿ, ಒಂದು ಡಬ್ಬಿ ಚಟ್ನಿಪುಡಿ ಕಟ್ಟಿಕೊಂಡಳು. ಅಲ್ಲಿ ಸ್ಟಾರ್ ಹೋಟೆಲಿನಲ್ಲಿ ಇಳಿಸುತ್ತಾರೆ, ಇದೆಲ್ಲ ಯಾಕೆ ಎಂದು ಕೇಳಿದರೆ, ಸ್ಟಾರನ್ನು ಒಗ್ಗರಣೆ ಹಾಕಿಕೊಂಡು ತಿನ್ನೋಕೆ ಬರುತ್ತದೆಯೇ ಎಂದು ನನ್ನನ್ನೇ ಕೇಳಿದಳು.

ಅವಳು ಶಿವನಿಯವಳು. ಅವಳ ತಾಯಿ ತೀರ್ಥಮ್ಮ, ಗಂಡ ತೀರಿಕೊಂಡ ಮೇಲೆ, ಶಿವನಿ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿಗೆ ಈರುಳ್ಳಿ ಚೀಲ ಹಾಕಿಕೊಂಡು ಬಂದು ಕಡೂರು ಸಂತೆಯಲ್ಲಿ ಗೋಣಿತಾಟು ಹಾಸಿ ಮಾರುತ್ತಿದ್ದರು. ಪಕ್ಕದಲ್ಲಿ ತಕ್ಕಡಿ ಹಿಡಿದು ಕೂರುತ್ತಿದ್ದವಳೇ ಮಲ್ಲಿಕಾಂಬ. ನಾನಾಗ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ಸುತ್ತಿ ಪಂಪಿನ ವಾಷರು, ಬೆಲ್ಟು ಮಾರುತ್ತಿದ್ದೆ. ಬೇಕಿರಲಿ ಬಿಡಲಿ, ಪ್ರತಿ ವಾರ ಅವಳ ಹತ್ತಿರ ಈರುಳ್ಳಿ ಕೊಳ್ಳುತ್ತಿದ್ದೆ. ಕೊನೆಗೊಂದು ದಿನ ನಮ್ಮಮ್ಮ, ಇಷ್ಟು ಈರುಳ್ಳಿ ತಿನ್ನುವುದಕ್ಕೆ ಈ ಮನೆಯಲ್ಲಿ ಮದುವೆ ಏನಾದರೂ ಇದೆಯೇ ಎಂದು ಕೇಳಿದಳು. ಇದೆ ಎಂದೆ. ಹಾಗೆ ನಮ್ಮ ಮದುವೆಯಾಯಿತು.

ತೂಕವಾದ ಮೇಲೆ ಮಲ್ಲಿಕಾಂಬ ನನ್ನ ಚೀಲಕ್ಕೆ ಯಾವಾಗಲೂ ಎರಡು ಗೆಡ್ಡೆ ಹೆಚ್ಚಿಗೆ ಹಾಕುತ್ತಿದ್ದಳು. ಕೊಸರು. ಅದು ನನಗೊಬ್ಬನಿಗೇ ಎಂದು ನಾನು ಎಷ್ಟೋ ರಾತ್ರಿ ಹಿಗ್ಗಿದ್ದೇನೆ. ಅವಳು ಎಲ್ಲರಿಗೂ ಹಾಕುತ್ತಿದ್ದಳು ಎಂಬುದು ಮದುವೆಯಾದ ಮೇಲೆ ತಿಳಿಯಿತು. ಅವಳು ಮರೆತರೆ ಗಿರಾಕಿಗಳೇ ರಾಶಿಗೆ ಕೈಹಾಕಿ ಎರಡು ಎತ್ತಿಕೊಳ್ಳುತ್ತಿದ್ದರು. ತೀರ್ಥಮ್ಮನವರು ಸುಳ್ಳು ಸುಳ್ಳೇ ಗದರುತ್ತಿದ್ದರು. ತೂಕ ತಕ್ಕಡಿಯದು, ಕೊಸರು ಮನುಷ್ಯರದು ಎನ್ನುವುದು ನಮ್ಮತ್ತೆಯ ಮಾತು. ಕೊಸರಿಲ್ಲದೆ ಎದ್ದು ಹೋಗುವ ಗಿರಾಕಿಯನ್ನು ಕಂಡರೆ, ಏನೋ ಮನಸ್ತಾಪ ಇರಬೇಕು ಎಂದು ಪೇಚಾಡುತ್ತಿದ್ದರಂತೆ.

ಅಂಗಡಿ ಮೇಲೆ ಬಂದ ಹಾಗೆ ನನ್ನ ಮೂಗೂ ಮೇಲೆ ಹೋಯಿತು. ಸಾಹುಕಾರರ ಹೆಂಡತಿ ಸಂತೆಯಲ್ಲಿ ಬ್ಯಾಗು ಹಿಡಿದು ಅಲೆಯುವುದು ಚೆನ್ನಲ್ಲ, ಅಂಗಡಿಯ ತಿಮ್ಮರಾಯಪ್ಪ ತರಕಾರಿ ತರುತ್ತಾನೆ ಎಂದು ಕಟ್ಟಳೆ ಮಾಡಿದೆ. ಎಂಟು ವರ್ಷ ಅವಳು ಸಂತೆ ತುಳಿಯಲಿಲ್ಲ. ಇಟಲಿಗೆ ಹೊರಟ ದಿನ ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಮೈಸೂರಿನ ಡೀಲರು ದ್ವಾರಕಾನಾಥ, ಅವರ ಹೆಂಡತಿ ಸೀತಾದೇವಿ ಪರಿಚಯವಾದರು. ಇಬ್ಬರೂ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುವವರು. ನಿಮ್ಮ ಮಾವನವರು ಏನು ಮಾಡಿಕೊಂಡಿದ್ದರು ಎಂದು ಅವರು ಮಾತಿಗೆ ಕೇಳಿದರೆ, ದೊಡ್ಡ ಈರುಳ್ಳಿ ಮಂಡಿ ಇತ್ತು ಎಂದುಬಿಟ್ಟೆ. ಈರುಳ್ಳಿ ಇದ್ದದ್ದಂತೂ ನಿಜ. ಪಕ್ಕದಲ್ಲೇ ಕೂತಿದ್ದ ಮಲ್ಲಿಕಾಂಬ ನನ್ನನ್ನು ಒಂದು ಸಲ ನೋಡಿ, ಸೆರಗು ಸರಿಮಾಡಿಕೊಂಡಳು.

ಫ್ಲಾರೆನ್ಸಿನ ಮೂರನೆಯ ದಿನ ಗೈಡು ನಮಗೆ ಎರಡು ಗಂಟೆ ಹೊತ್ತು ಬಿಡುವು ಕೊಟ್ಟ. ಅವಲಕ್ಕಿಗೆ ಈರುಳ್ಳಿ, ಮೆಣಸಿನಕಾಯಿ ಬೇಕು ಎಂದು ಮಲ್ಲಿಕಾಂಬ ಹಟ ಹಿಡಿದಳು. ಸ್ಟೇಷನ್ನಿನ ಹತ್ತಿರ ಒಂದು ದೊಡ್ಡ ಮಾರುಕಟ್ಟೆ ಇದೆ, ಎಲ್ಲ ಒಂದೇ ಸೂರಿನ ಕೆಳಗೆ ಎಂದು ಗೈಡು ದಾರಿ ತೋರಿಸಿದ. ದ್ವಾರಕಾನಾಥ ದಂಪತಿಗಳೂ ನೋಡಿದ ಹಾಗಾಯಿತು ಎಂದು ಜೊತೆಗೆ ಬಂದರು.

ಕಬ್ಬಿಣದ ಕಂಬಗಳು, ಬಲು ಎತ್ತರಕ್ಕೆ ಗಾಜಿನ ಸೂರು. ಬೀರೂರು ಜಂಕ್ಷನ್ನನ್ನು ಹತ್ತು ಸಲ ಜೋಡಿಸಿದರೂ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಕೆಳಗೆಲ್ಲ ಮಾಂಸದ ಅಂಗಡಿಗಳು. ಚರ್ಮ ಸುಲಿದ ಮೊಲಗಳನ್ನು ಸಾಲಾಗಿ ನೇತುಹಾಕಿದ್ದರು. ಮಲ್ಲಿಕಾಂಬ ಸೆರಗನ್ನು ಮೂಗಿಗೆ ಒತ್ತಿಕೊಂಡು, ನೆಲವನ್ನೇ ನೋಡುತ್ತ, ಓಡುನಡಿಗೆಯಲ್ಲಿ ಮೆಟ್ಟಿಲ ತನಕ ಹೋದಳು. ಹತ್ತಿದರೆ, ಮೇಲೆ ಪೂರ್ತಿ ತರಕಾರಿ, ಹಣ್ಣು.

ಅವಳು ಸೆರಗು ತೆಗೆದಳು. ಎಂಟು ವರ್ಷದಲ್ಲಿ ನಾನು ನೋಡದಿದ್ದ ಮುಖ ಅದು. ಒಂದೊಂದೇ ಅಂಗಡಿಯ ಮುಂದೆ ನಿಂತು, ಮುಟ್ಟದೆ, ಬರೀ ಕಣ್ಣಿನಲ್ಲೇ ತೂಗಿದಳು. ಇದು ಹಳೇ ಮಾಲು, ಇವನು ಮೇಲೆ ಒಳ್ಳೇದು ಜೋಡಿಸಿ ಅಡಿಯಲ್ಲಿ ಕೊಳೆತದ್ದು ಇಟ್ಟಿದ್ದಾನೆ ಎಂದು ನನ್ನ ಕಿವಿಯಲ್ಲಿ ಹೇಳುತ್ತ ಹೋದಳು. ಕೊನೆಗೆ ಮೂಲೆಯಲ್ಲಿ, ಕಪ್ಪು ಉಡುಪಿನ ಒಬ್ಬ ಅಜ್ಜಿಯ ಮುಂದೆ ನಿಂತಳು.

“ಈಯಮ್ಮ ಬೆಳೆದೋರು ಕಣ್ರೀ, ಬರೀ ಮಾರೋರಲ್ಲ. ಉಗುರು ನೋಡಿ.”

ಅಜ್ಜಿಯ ಉಗುರಿನಲ್ಲಿ ಮಣ್ಣಿತ್ತು. ಮಲ್ಲಿಕಾಂಬ ಬೆರಳಿನಲ್ಲಿ ತೋರಿಸಿದಳು, ಅಜ್ಜಿ ಕೆಂಪು ಈರುಳ್ಳಿ, ಟೊಮೆಟೊ, ಸಣ್ಣ ಮೆಣಸಿನಕಾಯಿ ತೂಗಿ ಕೊಟ್ಟಳು. ನಾನು ದುಡ್ಡು ಕೊಟ್ಟೆ. ವ್ಯಾಪಾರ ಮುಗಿಯಿತು ಎಂದು ನಾನು ತಿರುಗಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಹುಟ್ಟಿದಾಗಿನಿಂದ ಅಭ್ಯಾಸವಾದ ಹಾಗೆ ರಾಶಿಗೆ ಕೈ ಹಾಕಿ ಎರಡು ಈರುಳ್ಳಿ ಎತ್ತಿ ಬ್ಯಾಗಿಗೆ ಹಾಕಿಕೊಂಡಳು.

ಅಜ್ಜಿ ಕೂಗಿದ ಕೂಗಿಗೆ ಸುತ್ತಲಿನ ಅಂಗಡಿಯವರೆಲ್ಲ ತಿರುಗಿದರು. ಅವಳು ಮಲ್ಲಿಕಾಂಬನ ಮಣಿಕಟ್ಟು ಹಿಡಿದುಕೊಂಡಿದ್ದಳು. ಭಾಷೆ ತಿಳಿಯದಿದ್ದರೂ ಕಳ್ಳಿ ಎನ್ನುತ್ತಿದ್ದಾಳೆ ಎಂಬುದು ತಿಳಿಯುತ್ತಿತ್ತು. ಮೆಟ್ಟಿಲ ಹತ್ತಿರ ದ್ವಾರಕಾನಾಥ, ಸೀತಾದೇವಿ ನಿಂತು ನೋಡುತ್ತಿದ್ದರು.

ಆಗ ನಾನು ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಮೆಲ್ಲಗೆ ಹಿಂದೆ ಸರಿದೆ. ಹತ್ತು ಹೆಜ್ಜೆ ಆಚೆಗಿದ್ದ ಅಂಗಡಿಗೆ ಹೋಗಿ, ತಾವರೆ ಮೊಗ್ಗಿನಂಥ ಒಂದು ತರಕಾರಿಯನ್ನು ಕೈಗೆತ್ತಿಕೊಂಡು, ಅದನ್ನೇ ಕೊಳ್ಳಲು ಕಡೂರಿನಿಂದ ಬಂದವನ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತ ನಿಂತೆ. ಅದರ ಮುಳ್ಳು ಬೆರಳಿಗೆ ಚುಚ್ಚಿತು. ಮಲ್ಲಿಕಾಂಬ ಕತ್ತು ತಿರುಗಿಸಿ ನನ್ನನ್ನು ಹುಡುಕಿದಳು. ನಾನು ಎಲ್ಲಿದ್ದೇನೆಂದು ಕಂಡುಕೊಂಡಳು. ಮುಖ ಆ ಕಡೆಗೆ ತಿರುಗಿಸಿಕೊಂಡಳು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. ಇನ್ನೊಂದು ಕೈಯಿಂದ ಬ್ಯಾಗಿನಲ್ಲಿದ್ದ ಈರುಳ್ಳಿಯನ್ನೆಲ್ಲ ಅಜ್ಜಿಯ ತಕ್ಕಡಿಗೆ ವಾಪಸ್ಸು ಹಾಕಿದಳು. ಅಜ್ಜಿಯ ಹಿಡಿತ ಸಡಿಲಾದ ಮೇಲೆ, ಆ ಜನರ ನಡುವೆ, ಉಟ್ಟ ಧರ್ಮಾವರಂ ಸೀರೆಯಲ್ಲಿ, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಎಡಗೈಯಲ್ಲಿ ತಕ್ಕಡಿ ಎತ್ತಿಹಿಡಿದ ಹಾಗೆ ತೋರಿಸಿದಳು. ಬಲಗೈಯಿಂದ ಇಲ್ಲದ ರಾಶಿಯಿಂದ ಇಲ್ಲದ ಈರುಳ್ಳಿ ತುಂಬಿದಳು, ಮುಳ್ಳು ನಿಂತದ್ದನ್ನು ನೋಡಿದಳು, ಗಿರಾಕಿಯ ಚೀಲಕ್ಕೆ ಸುರಿದಳು. ಕೊನೆಗೆ ಎರಡು ಎತ್ತಿ ಮೇಲೆ ಹಾಕಿ, ಎದೆಯ ಮೇಲೆ ಕೈಯಿಟ್ಟುಕೊಂಡಳು.

“ನಾನೂ ಈರುಳ್ಳಿ ಮಾರಿದೋಳೇ ಕಣಮ್ಮ,” ಎಂದಳು, ನಮ್ಮ ಕನ್ನಡದಲ್ಲೇ, ದನಿ ಎತ್ತದೆ. “ನಮ್ಮೂರ ಸಂತೇಲಿ ಇದು ಕೊಸರು. ಕದ್ದಿದ್ದಲ್ಲ.”

ಅಜ್ಜಿ ಮುಂದಕ್ಕೆ ಬಾಗಿದಳು. ಕೂತವಳನ್ನು ಸ್ವಲ್ಪ ಹೊತ್ತು ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಈರುಳ್ಳಿಯನ್ನು ಬ್ಯಾಗಿಗೆ ತುಂಬಿ, ಕೆಳಗಿನ ಬುಟ್ಟಿಯಿಂದ ಒಂದು ಕಂತೆ ತೆಗೆದಳು. ಕೊತ್ತಂಬರಿಯಂಥ ಸೊಪ್ಪು, ಒಂದು ಗಜ್ಜರಿ, ಯಾವುದೋ ಘಮಘಮಿಸುವ ದಂಟು, ಎಲ್ಲ ಸೇರಿಸಿ ಕಟ್ಟಿದ್ದು. ಅದನ್ನು ಬ್ಯಾಗಿನ ಮೇಲೆ ಸಿಕ್ಕಿಸಿ, ದುಡ್ಡು ಬೇಡ ಎಂದು ಕೈಯಾಡಿಸಿ, ಬೆರಳೆತ್ತಿ ಗದರಿಸಿದಳು. ನೀನಾಗಿ ತೆಗೆದುಕೊಳ್ಳಬಾರದು, ನಾವಾಗಿ ಕೊಡುತ್ತೇವೆ ಎಂದು ಅದರ ಅರ್ಥ. ಆಮೇಲೆ ಗಮನಿಸಿದೆ, ತರಕಾರಿ ಕೊಂಡ ಎಲ್ಲರ ಚೀಲದಲ್ಲೂ ಅಂಥದೊಂದು ಕಂತೆ ಇತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ಅಜ್ಜಿ ತನ್ನ ಬೆರಳಿನ ಉಂಗುರ ತೋರಿಸಿ, ಮಲ್ಲಿಕಾಂಬನ ಕೊರಳಿನ ತಾಳಿ ತೋರಿಸಿ, ನಿನ್ನ ಗಂಡ ಎಲ್ಲಿ ಎಂದು ಕೈ ತಿರುಗಿಸಿ ಕೇಳಿದಳು. ಮಲ್ಲಿಕಾಂಬ ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ಬಂತು, ಕಬ್ಬಿಣದ ಕಂಬವನ್ನು ದಾಟಿದ ಹಾಗೆ ನನ್ನನ್ನು ದಾಟಿ ಹೋಯಿತು. ಇಲ್ಲ, ಬಂದಿಲ್ಲ ಎಂದು ಕೈಯಾಡಿಸಿದಳು.

ಹೋಟೆಲಿನ ಕೋಣೆಯಲ್ಲಿ ಅವಲಕ್ಕಿ ಕಲಸಿ ನನಗೂ ಒಂದು ತಟ್ಟೆ ಇಟ್ಟಳು. ನಾನು ಇಂಗು ತಿಂದ ಮಂಗನಂತೆ ಕೂತಿದ್ದೆ. ಆ ಗಡಿಬಿಡಿಯಲ್ಲಿ ಏನು ಮಾಡಬೇಕೆಂದು ತೋಚಲಿಲ್ಲ ಎಂದು ಏನೇನೋ ತೊದಲಿದೆ. ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ.

“ಮಂಡಿ ಇತ್ತು ಅಂತ ಸುಳ್ಳು ಹೇಳಿದ್ರಿ, ಹೋಗ್ಲಿ ಅಂದ್ಕಂಡೆ. ಗಂಡಸರಿಗೆ ಅದೊಂದು ಚಪಲ. ಆದ್ರೆ ಅವ್ಳು ನನ್ನ ಕೈ ಹಿಡ್ಕಂಡಿದ್ದಾಗ ನೀವು ದೂರ ಹೋದ್ರಲ್ಲ, ಅದು ನನಗೆ ಮರೆಯಕ್ಕಾಗಲ್ಲ.”

ಮಾರನೆಯ ದಿನ ಬಸ್ಸಿನಲ್ಲಿ ದ್ವಾರಕಾನಾಥರಿಗೆ ನಾನೇ ಹೇಳಿದೆ, ಮಂಡಿಯೂ ಇರಲಿಲ್ಲ ಮಣ್ಣೂ ಇರಲಿಲ್ಲ, ಗೋಣಿತಾಟು ಇತ್ತು ಎಂದು. ಅವರು ಒಳ್ಳೆಯವರು, ಅದಕ್ಕೇನಂತೆ ಎಂದರು. ಆದರೆ ಮಲ್ಲಿಕಾಂಬ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಅವಳು ಕೇಳಿಸಿಕೊಳ್ಳದ ನಿಜದಿಂದ ನನಗೆ ಏನೂ ಹಗುರವಾಗಲಿಲ್ಲ.

ಕಡೂರಿಗೆ ಬಂದ ಮೇಲಿನ ಮೊದಲ ಸಂತೆ. ಮಲ್ಲಿಕಾಂಬ ನನ್ನನ್ನು ಕೇಳದೆ ಮೊಳೆಯಿಂದ ಬ್ಯಾಗು ತೆಗೆದುಕೊಂಡು, ಮನೆ ಪಕ್ಕದಲ್ಲೇ ಇದ್ದ ನನ್ನ ಅಂಗಡಿಯ ಮುಂದೆಯೇ ಹಾದುಹೋದಳು. ಸಂತೆಯ ದಿನವೆಂದರೆ ನನಗೆ ವಾರದ ವ್ಯಾಪಾರವೆಲ್ಲ ಆಗುವ ದಿನ. ಹಳ್ಳಿಯವರು ಅಂಗಡಿ ತುಂಬ ಕೂತಿದ್ದರು. ಎಲ್ಲವನ್ನೂ ತಿಮ್ಮರಾಯಪ್ಪನಿಗೆ ಬಿಟ್ಟು ಅವಳ ಹಿಂದೆಯೇ ಓಡಿದೆ. ಸಂತೆಮಾಳದ ಬಾಗಿಲಲ್ಲಿ ಅವಳ ಕೈಯಿಂದ ಬ್ಯಾಗು ತೆಗೆದುಕೊಂಡೆ. ಅವಳು ಕೊಟ್ಟಳು.

ನಮ್ಮತ್ತೆ ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಅವರ ಕಾಲದ ಓಬಮ್ಮ ಇನ್ನೂ ಈರುಳ್ಳಿ ಮಾರುತ್ತಿದ್ದಳು. ಕಣ್ಣು ಮಂಜಾಗಿತ್ತು, ದನಿಯಲ್ಲೇ ಮಲ್ಲಿಕಾಂಬನ ಗುರುತು ಹಿಡಿದು, ಕೈ ಹಿಡಿದು ಎಳೆದು ಗೋಣಿಯ ಮೇಲೆ ಕೂರಿಸಿಕೊಂಡಳು. ಅಷ್ಟರಲ್ಲಿ ನನ್ನ ಗಿರಾಕಿಗಳು ನಾಲ್ಕಾರು ಜನ ಸುತ್ತ ನಿಂತಿದ್ದರು. ಸಾಹುಕಾರ್ರು ಬ್ಯಾಗು ಹಿಡಿದಿರುವುದನ್ನು ನೋಡುವುದು ಅವರಿಗೆ ವಿನೋದವಾಗಿತ್ತು. ಓಬಮ್ಮ ನನ್ನ ಕಡೆ ಕತ್ತೆತ್ತಿ, ಬ್ಯಾಗು ಹಿಡ್ಕಂಡು ನಿಂತೋನು ಯಾರವ್ವ ಎಂದು ಕೇಳಿದಳು.

ಮಲ್ಲಿಕಾಂಬ ನಿಧಾನವಾಗಿ ನನ್ನನ್ನು ನೋಡಿದಳು.

“ಗೊತ್ತಿಲ್ಲ ಕಣಮ್ಮ. ಟೂರಲ್ಲಿ ಸಿಕ್ಕಿದ್ರು. ಕಡೂರಿನೋರಂತೆ.”

ಸುತ್ತಲಿದ್ದವರು ಗೊಳ್ಳೆಂದರು. ನನ್ನ ಮುಖ ಬಿಸಿಯಾಯಿತು. ಓಡಿಹೋಗಬೇಕೆನಿಸಿತು, ಕಾಲು ಹಿಂದಕ್ಕೂ ಬಂತು. ಆದರೆ ಓಡಿಹೋದರೆ ಏನಾಗುತ್ತದೆಂದು ಈಗ ನನಗೆ ಗೊತ್ತಿತ್ತು. ಇಸ್ತ್ರಿಯ ಬಿಳೀ ಪಂಚೆಯಲ್ಲೇ ಗೋಣಿತಾಟಿನ ಮೇಲೆ ಅವಳ ಪಕ್ಕ ಕೂತೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

“ನಾನು ತೀರ್ಥಮ್ಮನ ಅಳಿಯ ಕಣಮ್ಮ. ಇಲ್ಲಿ ನಿನ್ನ ಪಕ್ಕ ಕೂತು ಈರುಳ್ಳಿ ಮಾರ್ತಿದ್ರಲ್ಲ, ಶಿವನಿ ತೀರ್ಥಮ್ಮ, ಅವರ ಮಗಳ ಗಂಡ.”

ಹಾಗಾದರೆ ಬ್ಯಾಗಿನ ಬಾಯಿ ಸರಿಯಾಗಿ ಹಿಡಿ ಎಂದು ಓಬಮ್ಮ ತೂಗತೊಡಗಿದಳು. ನಾನು ಎರಡು ಕೈಯಲ್ಲೂ ಅಗಲಿಸಿ ಹಿಡಿದೆ. ಓಬಮ್ಮ ತಕ್ಕಡಿಯನ್ನು ಬ್ಯಾಗಿಗೆ ಸುರಿದಳು. ಆಮೇಲೆ ಮಲ್ಲಿಕಾಂಬ ರಾಶಿಗೆ ಕೈ ಹಾಕಿ, ಎರಡು ಗೆಡ್ಡೆ ಎತ್ತಿ, ನಾನು ಹಿಡಿದ ಬ್ಯಾಗಿಗೆ ಹಾಕಿದಳು. ಓಬಮ್ಮ ಸುಳ್ಳು ಸುಳ್ಳೇ ಗದರಿದಳು.

ಕೊಸರು ಎಲ್ಲರಿಗೂ ಹಾಕುವುದೇ. ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಆವತ್ತಿನದು ನನಗೊಬ್ಬನಿಗೇ ಎಂದುಕೊಂಡು ಬ್ಯಾಗು ಎತ್ತಿಕೊಂಡೆ.