ಏಳಲೊಲ್ಲದ ಹೆಣಗಳು

ಸತ್ತವರನ್ನು ನಗಿಸದೆ ಮನೆಗೆ ಕಳಿಸಬಾರದು. ಇದು ಸಿನಿಮಾದವರ ಕಟ್ಟಳೆ. ಕ್ಯಾಮೆರಾದ ಮುಂದೆ ಹೆಣವಾಗಿ ಮಲಗಿದವರನ್ನು, ‘ಕಟ್’ ಅಂದ ಮೇಲೆ, ಅದೇ ಕ್ಯಾಮೆರಾದೆದುರು ಒಮ್ಮೆ ನಗಿಸಿ ಆ ನಗುವನ್ನೂ ಹಿಡಿದಿಡಬೇಕು. ಇಲ್ಲದಿದ್ದರೆ ಸುಳ್ಳು ಸಾವು ಮನೆ ಹುಡುಕಿಕೊಂಡು ಬರುತ್ತದೆಂಬ ಅಂಜಿಕೆ.

ಪ್ರತೀಕ್ಷಾಳಿಗೆ ಇದು ಗೊತ್ತಾದದ್ದು ಅವ್ವನಿಂದ. ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಟಿವಿ ನೋಡುತ್ತಿದ್ದ ಗಿರಿಜಾ, ಧಾರಾವಾಹಿಯೊಂದರಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ ಮಗಳನ್ನು ಕಂಡು, ಹಿಟ್ಟಿನ ಕೈಯಲ್ಲೇ ಓಡಿಬಂದು ಅವಳ ಮೈ ಮುಟ್ಟಿ ನೋಡಿದ್ದಳು. ಎದುರು ಮನೆಯಾಕೆ ಸಮಾಧಾನಕ್ಕೆಂದು ಈ ಪದ್ಧತಿ ಹೇಳಿಕೊಟ್ಟಳು. ಅಂದಿನಿಂದ ಮಗಳು ಎಲ್ಲಿ ಹೆಣವಾಗಲಿ, ಸಂಜೆಯ ಫೋನಿನಲ್ಲಿ ಅವ್ವನದು ಒಂದೇ ಪ್ರಶ್ನೆ.

“ನಗಿಸಿದ್ರೇನವ್ವಾ?”

“ಹ್ಞೂಂ, ನಗಿಸಿದ್ರು.”

ಸುಳ್ಳು. ಯಾರೂ ನಗಿಸುತ್ತಿರಲಿಲ್ಲ. ಆ ನಗು ಹೆಸರಿದ್ದವರಿಗೆ ಮಾತ್ರ. ಗುಂಪಿನಲ್ಲಿ ಸತ್ತವರಿಗೆ “ಲೇವಂಡಿ, ಲೇವಂಡಿ” ಎಂಬ ಕೂಗು. ಎದ್ದೇಳಿ, ಜಾಗ ಬಿಡಿ. ಅಷ್ಟೇ.

ಅಪ್ಪ ಸಂಡೂರಿನಿಂದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಬಂದವನು. ಮನೆಯೊಳಗೆ ಸಂಡೂರಿನ ಕನ್ನಡ, ಹೊಸ್ತಿಲಾಚೆ ತೆಲುಗು. ಪ್ರತೀಕ್ಷಾ ನಟನೆ ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಗಾಜುವಾಕದ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದ ಓದುಗರ ಬಳಗದಲ್ಲಿ. ಅಲ್ಲಿ ಪುಸ್ತಕ ಓದಿ ಜಗಳಾಡುತ್ತಿದ್ದರು. ಜಗಳ ಹದಕ್ಕೆ ಬಂದಾಗ ಅದನ್ನೇ ಬೀದಿನಾಟಕ ಮಾಡಿ ಬಸ್ ನಿಲ್ದಾಣದಲ್ಲಿ ಆಡುತ್ತಿದ್ದರು. ಲಾರಿಗಳ ಹಾರ್ನ್ ಮೀರಿಸಿ ಮಾತಾಡಿದ ಗಂಟಲು ಅವಳದು. ಶಕುನ, ದೃಷ್ಟಿಗಳನ್ನು ಗೇಲಿ ಮಾಡುವ ನಾಟಕವೂ ಅವರಲ್ಲಿತ್ತು.

ಆದರೆ ಆಡಿಷನ್ನುಗಳಲ್ಲಿ ಆ ಗಂಟಲನ್ನು ಕೇಳುವವರಿರಲಿಲ್ಲ. “ಬಣ್ಣ ಕಡಿಮೆ, ದನಿ ಜಾಸ್ತಿ” ಎಂದ ಒಬ್ಬ. “ಮುಖ ಸಿಟ್ಟಿನದು, ಹೆಣಕ್ಕಾದರೆ ಆದೀತು” ಎಂದ ಇನ್ನೊಬ್ಬ. ಹಾಗೆ ಹೆಣವಾದಳು. ಸೋತು ಬಂದ ದಿನ ಬಂದರಿನ ಕಡೆ ಹೋಗಿ, ದೂರದಲ್ಲಿ ನಿಂತ ಸರಕಿನ ಹಡಗುಗಳಿಗೆ ತನ್ನ ಬೀದಿನಾಟಕದ ಮಾತುಗಳನ್ನೆಲ್ಲ ಒದರಿ, ಮುಖ ತೊಳೆದುಕೊಂಡು ಮನೆಗೆ ಬರುತ್ತಿದ್ದಳು.

ಅಪ್ಪ ಕೆಣಕುತ್ತಿದ್ದ. “ಪ್ಲಾಂಟ್ ತುಂಬ ನನ್ನ ಮಗಳು ಆ್ಯಕ್ಟರ್ ಅಂತ ಹೇಳೀನಿ. ಯಾವ ಪಾರ್ಟು ಅಂತ ಕೇಳಿದ್ರ ಏನನ್ಲಿ? ಹೋದ ಸಲ ಸತ್ತಿದ್ಲು, ಈ ಸಲಾನೂ ಸಾಯ್ತಾಳ ಅನ್ಲೇನು?”

“ಅನ್ನಪ್ಪಾ. ನಿಮ್ಮ ಪ್ಲಾಂಟಿನ್ಯಾಗ ನನ್ನಷ್ಟು ಚೊಲೋ ಸಾಯೋರು ಯಾರದಾರ, ತೋರ್ಸು ನೋಡೋಣ.”

ಈ ಸಲ ಮಾತ್ರ ಬರೀ ಸಾಯುವ ಪಾರ್ಟಲ್ಲ. ವಿಜಯವಾಡದಲ್ಲಿ ಒಂದು ಸಿನಿಮಾ. ಬೀಗ ಜಡಿದ ಕಾರ್ಖಾನೆಯೊಳಗೆ ಹೊಗೆ ತುಂಬಿ ಹೆಣ್ಣಾಳುಗಳು ಸಾಯುವ ಕಥೆ. ಜೂನಿಯರ್ ಆರ್ಟಿಸ್ಟುಗಳನ್ನು ಒದಗಿಸುವ ತೇಜ ಫೋನ್ ಮಾಡಿ, “ಮೊದಲ ದಿನ ಹೆಣ. ಮಾರನೆಯ ದಿನ ಸಾಯುವುದಕ್ಕೆ ಮುಂಚಿನ ಸೀನು. ನಿನಗೊಂದು ಮಾತು ಕೊಡಿಸಿದ್ದೇನೆ ಕಣಮ್ಮಾ” ಅಂದ. ಮೊದಲು ಸಾವು, ಆಮೇಲೆ ಬದುಕು. ಸಿನಿಮಾದ ಲೆಕ್ಕವೇ ಹಾಗೆ.

ಮಾತು ಇಷ್ಟೇ: “ತಲುಪು ತೀಯಂಡಿ!” ಬಾಗಿಲು ತೆಗೆಯಿರಿ.

ಅದನ್ನು ಅವಳು ಮನೆಯಲ್ಲಿ ಹೇಳಿ ಹೇಳಿ ನೋಡಿದಳು. ಮೆಲ್ಲಗೆ, ಬೇಡುತ್ತಾ, ಬೈಯುತ್ತಾ. ಒಂದು ಸಲ ಗಂಟಲು ಬಿಚ್ಚಿ ಕೂಗಿದಾಗ ಎದುರು ಮನೆಯ ಬಾಗಿಲು ತೆರೆಯಿತು, ಪಕ್ಕದ್ದೂ ತೆರೆಯಿತು. “ಏಮೈಂದಿ?” ಏನಾಯಿತೆಂದು ಕೇಳುತ್ತಾ ಸೌಟು ಹಿಡಿದೇ ಬಂದ ಎದುರು ಮನೆಯಾಕೆಗೆ ಗಿರಿಜಾ ನಗುತ್ತಾ ಕೈಮುಗಿದಳು. “ಆ್ಯಕ್ಟಿಂಗ್ ಅಂಡಿ, ಆ್ಯಕ್ಟಿಂಗ್.”

ವಿಜಯವಾಡದಲ್ಲಿ ಬೆಂಜ್ ಸರ್ಕಲ್ ಹತ್ತಿರದ ಲಾಡ್ಜಿನಲ್ಲಿ ಅವಳ ಕೋಣೆಗೆ ಜೊತೆಯಾದವಳು ರಾಜ್ಯಲಕ್ಷ್ಮಿ. ವಯಸ್ಸಾದ ತೆಲುಗು ನಟಿ, ಹಿಂದೆ ಬಳ್ಳಾರಿ ಕಡೆ ನಾಟಕದ ಕಂಪನಿಯಲ್ಲಿ ಎರಡೂ ಭಾಷೆಯಲ್ಲಿ ಆಡಿದವಳು. ಪ್ರತೀಕ್ಷಾಳ ಫೋನಿನ ಮಾತು ಕೇಳಿದ್ದೇ ತಡ, “ನಮ್ಮ ಬಳ್ಳಾರಿ ಸೀಮಿ ಹುಡಿಗೇನ ನೀನು!” ಎಂದು ತಲೆ ಸವರಿದಳು.

“ನೀವೇನ್ ಪಾರ್ಟ್ ಮಾಡ್ತಿದ್ರಿ ಅಮ್ಮಾ?”

“ಯಮಧರ್ಮ! ನಾನು ಗದೆ ಎತ್ತಿದ್ರ ಮುಂದಿನ ಸಾಲಿನ ಗಂಡಸ್ರು ಎದ್ದು ಹಿಂದ್ಕ ಹೋಗ್ತಿದ್ರು. ಈಗ ಯಮನ್ನ ಹೆಣ ಮಾಡ್ಯಾರ ನೋಡು.”

ಮರುದಿನ ಊರಾಚೆಯ ಹಳೇ ಗೋದಾಮಿನಲ್ಲಿ ಹೆಣಗಳನ್ನು ಸಾಲಾಗಿ ಮಲಗಿಸಿದರು. ಮೊದಲನೆಯ ಹೆಣ ನಾಯಕನ ತಾಯಿಯದು, ಪೋಸ್ಟರಿನಲ್ಲಿ ಮುಖವಿರುವ ನಟಿ. ಅವರಿಗೆ ಬೆನ್ನ ಕೆಳಗೆ ಹಾಸಿಗೆ, ಉಳಿದವರಿಗೆ ಕಾದ ಸಿಮೆಂಟ್ ನೆಲ. ಮೈಗೆ ಮಸಿ, ಹೊದೆಯಲೊಂದು ಬಿಳಿ ಬಟ್ಟೆ, ಮೂಗಿನ ಮೇಲೆ ನೊಣ. ಪ್ರತೀಕ್ಷಾ ಉಸಿರು ಹಿಡಿದು ಮಲಗಿದಳು.

“ಕಟ್!”

ಸಹಾಯಕರು ಓಡಿಬಂದರು. “ಮೇಡಂ, ಒಂದು ಸ್ಮೈಲ್!” ಕ್ಯಾಮೆರಾ ತಾಯಿಯ ಪಾತ್ರದಾಕೆಯತ್ತ ಬಾಗಿತು, ಆಕೆ ನಕ್ಕರು. ಸಹಾಯಕನೊಬ್ಬ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ ಆಕೆಗೆ ದೃಷ್ಟಿ ತೆಗೆದ. ಆಮೇಲೆ ತೇಜ ಸಾಲಿನತ್ತ ತಿರುಗಿ ಚಪ್ಪಾಳೆ ತಟ್ಟಿದ. “ಲೇವಂಡಿ, ಲೇವಂಡಿ! ಹೀರೋ ಬರ್ತಾರೆ, ಜಾಗ ಬಿಡಿ.”

ಹೆಣಗಳು ಬಟ್ಟೆ ಕೊಡವಿ ಎದ್ದವು. ಪ್ರತೀಕ್ಷಾ ಏಳಲಿಲ್ಲ.

ಏಳಬಾರದೆಂದು ಅವಳೇನೂ ಮೊದಲೇ ನಿಶ್ಚಯಿಸಿರಲಿಲ್ಲ. ಸಂಜೆ ಅವ್ವ ಕೇಳುವ ಪ್ರಶ್ನೆ ನೆನಪಾಯಿತು. ಮತ್ತೆ ‘ಹ್ಞೂಂ’ ಅನ್ನಬೇಕಲ್ಲ ಅನ್ನಿಸಿದಾಗ, ಮೈ ತಾನಾಗಿಯೇ ನೆಲಕ್ಕೆ ಅಂಟಿಕೊಂಡಿತು.

“ಏಯ್, ನಿದ್ದೆ ಹತ್ತಿತಾ ಇವಳಿಗೆ?” ಎಂದ ತೇಜ. ನಾಲ್ಕು ಜನ ನಕ್ಕರು.

ಕಣ್ಣು ಮುಚ್ಚಿಕೊಂಡೇ ಅವಳು ತೆಲುಗಿನಲ್ಲಿ ಹೇಳಿದಳು: “ನಿದ್ದೆಯಲ್ಲ ಅಂಡಿ, ಸತ್ತಿದ್ದೇನೆ. ನಗಿಸಿ, ಏಳ್ತೇನೆ.”

ತೇಜ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಹಲ್ಲು ಕಚ್ಚಿ ಪಿಸುಗುಟ್ಟಿದ. “ನಾಳೆ ಮಾತು ಬೇಡವಾ ನಿನಗೆ? ಎಷ್ಟು ಜನ ಕಾಯ್ತಿದ್ದಾರೆ ಗೊತ್ತಾ ಆ ಮಾತಿಗೆ?”

ರಾಜ್ಯಲಕ್ಷ್ಮಿಯೂ ಬಾಗಿದಳು. “ಏಳು ಮಗಳ. ಬಾಯಿಗೆ ಬಂದ ತುತ್ತು. ಶಕುನ ಗಿಕುನ ನೀನೂ ನಂಬ್ತಿಯೇನು?”

“ಇಲ್ಲಮ್ಮಾ, ನಂಬಂಗಿಲ್ಲ. ಇವ್ರು ನಂಬ್ತಾರಲ್ಲ! ನಗಿಸ್ಲಿಲ್ಲ ಅಂದ್ರ ಜೀವಕ್ಕ ಕೇಡು ಅಂತ ನಂಬಿನೂ ನಮ್ಮನ್ನ ಹಂಗ ಬಿಟ್ರ, ನಮ್ಮ ಜೀವ ಹೋದ್ರ ಹೋಗ್ಲಿ ಅಂದಂಗ ಆಗ್ಲಿಲ್ಲೇನು? ಸುಳ್ಳಾದ್ರೂ ಸರಿ, ಹಂಚೋದಾದ್ರ ಎಲ್ರಿಗೂ ಹಂಚ್ಲಿ.”

ಮುದುಕಿ ಒಂದು ಗಳಿಗೆ ಅವಳ ಮಸಿ ಮುಖ ನೋಡಿದಳು. ಆಮೇಲೆ ಮೊಣಕಾಲು ಹಿಡಿದು, ನರಳುತ್ತಾ, ತನ್ನ ಜಾಗದಲ್ಲಿ ಮತ್ತೆ ಮಲಗಿ ಬಿಳಿ ಬಟ್ಟೆ ಎಳೆದುಕೊಂಡಳು.

“ನಿಮಗೇನು ಬಂತು ರಾಜ್ಯಲಕ್ಷ್ಮಿಗಾರು?” ತೇಜ ಚೀರಿದ. “ಇನ್ನು ಯಾವ ಸಿನಿಮಾಕ್ಕೂ ಕರೆಯಲ್ಲ!”

“ಯಮಧರ್ಮನಿಗೇ ಸಾವಿನ ಹೆದರಿಕೆ ಹಾಕ್ತೀಯೇನೋ, ಬಡ್ಡಿಮಗನೇ!”

ಎದ್ದು ನಿಂತವರಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ನಗುತ್ತಲೇ ಹೋಗಿ ಮಲಗಿದಳು. ಇನ್ನೊಬ್ಬಳು ಮಲಗಿದಳು. ನೋಡನೋಡುತ್ತ ಇಡೀ ಸಾಲು ಮತ್ತೆ ಸತ್ತಿತ್ತು. ಮೇಕಪ್ ಮುಗಿಸಿ ಬಂದ ನಾಯಕ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತ. ನಿರ್ದೇಶಕ ಹಣೆ ಚಚ್ಚಿಕೊಂಡು ಕೂಗಿದ: “ನಗಿಸಿ ಮಾರಾಯ್ರೇ, ಬೆಳಕು ಹೋಗ್ತಿದೆ!”

ಕ್ಯಾಮೆರಾ ಆ ತುದಿಯಿಂದ ಈ ತುದಿಯವರೆಗೆ ಒಬ್ಬೊಬ್ಬರ ಮುಖದ ಮೇಲೂ ನಿಂತು ಬಂತು. ಪೋಸ್ಟರಿನ ಮುಗುಳ್ನಗೆ ಯಾರದೂ ಆಗಿರಲಿಲ್ಲ. ಹೊದ್ದ ಬಟ್ಟೆ ಕಿತ್ತೆಸೆದು, ಹೊಟ್ಟೆ ಹಿಡಿದುಕೊಂಡು, ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ತನ್ನ ಸರದಿ ಬಂದಾಗ ಪ್ರತೀಕ್ಷಾ ಕಣ್ಣು ತೆರೆದು, ಆ ಗಾಜಿನ ಕಣ್ಣನ್ನು ನೇರವಾಗಿ ನೋಡಿ ನಕ್ಕಳು. ಯಾವ ಕ್ಯಾಮೆರಾವೂ ಅವಳನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸಂಜೆ ತೇಜ ಮುಖ ಕೊಡದೆ ಹೇಳಿದ: “ಆ ಮಾತು ಬೇರೆಯವಳಿಗೆ ಹೋಯ್ತು. ನೀನು ನಾಳೆ ಬರೋದು ಬೇಡ.”

ಸುಳ್ಳೇಕೆ, ಪ್ರತೀಕ್ಷಾ ಲಾಡ್ಜಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅತ್ತು ಮುಗಿಯುವವರೆಗೂ ಹೊರಗೆ ರಾಜ್ಯಲಕ್ಷ್ಮಿ ಟವೆಲ್ ಹಿಡಿದು ನಿಂತಿದ್ದಳು. “ಒರಸ್ಕೋ. ನನ್ನ ಗದೆ ಇದ್ದಿದ್ರ ನಿನಗ ಕೊಡ್ತಿದ್ದೆ” ಅಂದಳು.

ಮರುದಿನ ಮಧ್ಯಾಹ್ನದ ರೈಲು ಹಿಡಿದು, ವಿಶಾಖಪಟ್ಟಣದಲ್ಲಿಳಿದು, ಗಾಜುವಾಕದ ಬಸ್ ಹತ್ತಿದಳು. ಅವ್ವನ ಫೋನನ್ನು ಬೇಕೆಂದೇ ಎತ್ತಿರಲಿಲ್ಲ. ಮೆಟ್ಟಿಲು ಹತ್ತಿ ಮನೆಯ ಮುಂದೆ ಬಂದಾಗ ಕೈ ಕಾಲಿಂಗ್ ಬೆಲ್ಲಿನ ತನಕ ಹೋಯಿತು. ಒತ್ತಲಿಲ್ಲ. ಬ್ಯಾಗು ಕೆಳಗಿಟ್ಟು, ಕಾಲು ಊರಿ, ಲಾರಿಗಳ ಹಾರ್ನ್ ಮೀರಿಸಿದ ಆ ಗಂಟಲಿನಲ್ಲಿ ಕೂಗಿದಳು:

“ತಲುಪು ತೀಯಂಡಿ!”

ಎದುರು ಮನೆಯ ಬಾಗಿಲು ತೆರೆಯಿತು. ಪಕ್ಕದ್ದು ತೆರೆಯಿತು. ಮೇಲಿನ ಮಹಡಿಯಲ್ಲೂ ಚಿಲಕದ ಸದ್ದು. ಕೊನೆಗೆ ತಮ್ಮ ಬಾಗಿಲು. ಗಿರಿಜಾಳ ಕೈಯಲ್ಲಿ ಹಿಟ್ಟು, ಅವಳ ಹಿಂದೆ ಲುಂಗಿ ಸರಿಮಾಡಿಕೊಳ್ಳುತ್ತಾ ಅಪ್ಪ.

“ಫೋನ್ ಯಾಕ ಎತ್ಲಿಲ್ಲ? ನಗಿಸಿದ್ರೇನವ್ವಾ?”

“ತಾವಾಗೇ ನಗಿಸ್ಲಿಲ್ಲಬೇ. ನಾನೇ ನಗಿಸ್ಕೊಂಡೆ. ಎಲ್ಲಾರ್ನೂ ನಗಿಸಿದೆ.”

ಸೌಟು ಹಿಡಿದು ನಿಂತಿದ್ದ ಎದುರು ಮನೆಯಾಕೆಗೆ ಕನ್ನಡ ತಿಳಿಯಲಿಲ್ಲ; ಆದರೂ ಚಪ್ಪಾಳೆ ತಟ್ಟಿದಳು. ಅಪ್ಪ ಮುಂದೆ ಬಂದು ಬ್ಯಾಗು ಎತ್ತಿಕೊಂಡ.

“ಇನ್ನೊಮ್ಮೆ ಒದರವ್ವಾ,” ಎಂದ. “ಕೆಳಗಿನ ಮನಿಯವ್ರು ಇನ್ನಾ ಬಾಗ್ಲಾ ತೆಗದಿಲ್ಲ.”