ಬೀರು ಹೊರುವವನಿಗೆ ಓಟ ಯಾಕೆ?

ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುವುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುವ ಸಂಗತಿ. ಮೆಟ್ಟಿಲ ಮೇಲೆ ನಿಂತು, ಏನೋ ಮರೆತವರ ಹಾಗೆ ಜೇಬು ತಡಕಾಡಿ, ಉಸಿರು ಸುಧಾರಿಸಿಕೊಂಡು ಮತ್ತೆ ಹತ್ತುತ್ತೇವೆ. ಯಾರೂ ನೋಡಲಿಲ್ಲವಲ್ಲ ಎಂಬ ಸಮಾಧಾನ ಬೇರೆ. ಪಾಪ, ಕಂಬಣ್ಣನಿಗೆ ಜೇಬು ತಡಕಾಡುವ ಭಾಗ್ಯವೂ ಇರಲಿಲ್ಲ. ಅವನ ಎರಡೂ ಕೈಯಲ್ಲಿ ಬೀರು ಇತ್ತು.

ಕಂಬಣ್ಣನದು ಮನೆ ಸಾಮಾನು ಸಾಗಿಸುವ ಕೆಲಸ. ಒಂದು ಮನೆ ಖಾಲಿ ಮಾಡಿ ಇನ್ನೊಂದು ಮನೆ ಸೇರುವವರ ಮಂಚ, ಬೀರು, ಫ್ರಿಜ್ಜು ಎಲ್ಲವನ್ನೂ ಇಳಿಸುವುದು, ಹತ್ತಿಸುವುದು. ಕಂಬ ಎಂದು ಹೆಸರಿಟ್ಟವರು ಜೊತೆಯ ಕೆಲಸಗಾರರು. ನಲವತ್ತು ದಾಟಿದ ಮೇಲೆ ಮರ್ಯಾದೆಗೆ ಒಂದು 'ಅಣ್ಣ' ಸೇರಿತು. ದಿನವಿಡೀ ಹೊತ್ತದ್ದು ಸಾಲದೆಂದು ಬಿಡುವಿನ ದಿನ ಬೀದಿ ಕೊನೆಯ ಜಿಮ್ಮಿಗೆ ಹೋಗಿ ಇನ್ನಷ್ಟು ಕಬ್ಬಿಣ ಎತ್ತಿ ಬರುತ್ತಿದ್ದ. ಅಂಗಿಯ ತೋಳು ಹೊಲಿಗೆ ಬಿಡುವಷ್ಟು ದಪ್ಪ ಅವನ ತೋಳು. ಇಂಥವನಿಗೆ ಏನಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಅವನೂ ಅಂದುಕೊಂಡಿದ್ದ.

ಮೆಟ್ಟಿಲಲ್ಲಿ ಬೀರು ಹತ್ತಿಸುವಾಗ ಇಬ್ಬರು ಬೇಕು. ಒಬ್ಬ ಮೇಲಿನ ತುದಿ ಹಿಡಿದು ಹಿಮ್ಮುಖವಾಗಿ ಹತ್ತುತ್ತಾನೆ. ಕೆಳಗಿನ ತುದಿಯವನ ಮೇಲೆ ಹೆಚ್ಚಿನ ಭಾರ. ಮೇಲಿನವನು ಕೈಬಿಟ್ಟರೆ ಅಷ್ಟೂ ಕೆಳಗಿನವನ ಎದೆಯ ಮೇಲೆ. ಹದಿನೆಂಟು ವರ್ಷ ಕಂಬಣ್ಣ ಕೆಳಗಿನ ತುದಿಯನ್ನು ಯಾರಿಗೂ ಬಿಟ್ಟುಕೊಟ್ಟವನಲ್ಲ. ಈ ವರ್ಷ ಮಾತ್ರ, "ನೀನೂ ಕೆಳಗೆ ನಿಲ್ಲೋದು ಕಲೀಬೇಕು ಕಣೋ" ಎಂದು ತನ್ನ ಬಾಮೈದನನ್ನು ಅಲ್ಲಿ ನಿಲ್ಲಿಸಿದ್ದ. ಬಾಮೈದ ಎಂದರೆ ಹೆಂಡತಿಯ ತಮ್ಮ, ಮೂವತ್ತರ ಗಂಡಸು, ಎಂಟು ತಿಂಗಳ ಹೆಣ್ಣುಮಗುವಿನ ತಂದೆ. ಅವನು ಮರುಮಾತಾಡದೆ ನಿಂತಿದ್ದ. ಕಲಿಸುವುದೆಲ್ಲ ನೆಪ. ಕೆಳಗೆ ನಿಂತು ಹೊರಲು ಕಂಬಣ್ಣನ ಉಸಿರು ಸಾಲುತ್ತಿರಲಿಲ್ಲ.

ಅವತ್ತು ಮೂರನೇ ಮಹಡಿಯ ತಿರುವಿನಲ್ಲಿ ಅವನ ಕಣ್ಣು ಕತ್ತಲಿಟ್ಟಿತು. ಎದೆ ಡವಡವ ಹೊಡೆದುಕೊಂಡಿತು. ಬೆರಳಿಗೆ ಬಲವಿತ್ತು, ತೋಳಿಗೆ ಬಲವಿತ್ತು, ಗಾಳಿಯೇ ಇರಲಿಲ್ಲ. ಬೀರು ಧಡ್ ಎಂದು ಒಂದು ಮೆಟ್ಟಿಲು ಕೆಳಕ್ಕೆ ಜಾರಿತು. ಕೆಳಗಿನಿಂದ ಬಾಮೈದ ಹಾ ಎಂದ. ಬೀರು ಹೇಗೋ ನಿಂತಿತು.

"ಭಾವ! ಏನಾಯ್ತು?"

"ಏನಿಲ್ಲ ಕಣೋ. ಬೆವರಿಗೆ ಕೈ ಜಾರ್ತು."

ಅಂಗೈ ಒಣಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಅಂದು ಮೊದಲ ಬಾರಿಗೆ ಬಾಮೈದನ ಮುಖ ನೋಡದೆ ಮಾತಾಡಿದ.

ಅಲ್ಲಿಂದ ಭಯ ಶುರುವಾಯಿತು. ಹೊಸ ಕಟ್ಟಡದ ಮುಂದೆ ಲಾರಿ ನಿಂತರೆ ಸಾಕು, ಕಂಬಣ್ಣ ಮೊದಲು ಮೆಟ್ಟಿಲು ಎಣಿಸುತ್ತಿದ್ದ. ಹನ್ನೊಂದು, ತಿರುವು, ಮತ್ತೆ ಹನ್ನೊಂದು. ಊಟಕ್ಕೆ ಕೂತಾಗಲೂ ಬೀರು ಜಾರಿದ ಸದ್ದು ಕಿವಿಯಲ್ಲಿ. ಹೇಳಿಕೊಂಡರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ. ಹೇಳದೆ ಇದ್ದರೆ ಒಂದು ದಿನ ಹೆಂಡತಿಯ ತಮ್ಮನನ್ನು ತಾನೇ ಕೊಂದಂತಾಗುತ್ತದೆ. ಇವೆರಡರ ನಡುವೆ ಅವನು ತನಗೆ ಗೊತ್ತಿದ್ದ ಒಂದೇ ಮದ್ದು ಮಾಡಿದ. ಬಲ ಕಡಿಮೆಯಾಗಿದೆ ಎಂದು ಜಿಮ್ಮಿನಲ್ಲಿ ಇನ್ನೆರಡು ಕಬ್ಬಿಣದ ಬಿಲ್ಲೆ ಜಾಸ್ತಿ ಏರಿಸಿಕೊಂಡ. ತೋಳು ಇನ್ನೂ ದಪ್ಪವಾಯಿತು. ಮೆಟ್ಟಿಲ ಮೇಲೆ ಏದುಸಿರು ಹಾಗೇ ಉಳಿಯಿತು.

ಅವನ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಹೊಲಿಗೆ ಯಂತ್ರದ ಮೇಲೆ ಬಗ್ಗಿದ ತಲೆ ಎತ್ತದೆಯೇ ಮನೆಯಲ್ಲಿ ನಡೆಯುವುದೆಲ್ಲ ಅವಳಿಗೆ ಗೊತ್ತಾಗುತ್ತದೆ. ಗಂಡ ಮನೆಯ ಹದಿನಾರು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಾನೆ, ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬರುತ್ತಾನೆ ಎಂಬುದೂ ಗೊತ್ತಾಯಿತು. ಒಂದು ಸಂಜೆ ಎದುರು ಮನೆಯ ನರ್ಸಮ್ಮನನ್ನು, ರವಿಕೆಯ ಅಳತೆ ನೋಡುವ ನೆಪದಲ್ಲಿ ಕರೆದು ಕೂರಿಸಿದಳು.

ನರ್ಸಮ್ಮ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವರು. ದಿನಾ ಬೆಳಿಗ್ಗೆ ಮೈದಾನದಲ್ಲಿ ಜಾಗಿಂಗ್ ಮಾಡುತ್ತಾರೆ. ಅವರ ಓಟ ಕಂಬಣ್ಣನಿಗೆ ಹಳೆಯ ತಮಾಷೆ.

"ಏನ್ ನರ್ಸಮ್ಮ, ಇವತ್ತೂ ಓಡಿದ್ರಾ? ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಡಬೇಕು, ಇಲ್ಲಾ ಕದ್ದೋನು ಓಡಬೇಕು. ಸುಮ್ ಸುಮ್ನೆ ಯಾಕೆ ಓಡ್ತೀರಿ?"

"ನಿಮ್ ಮನೆ ಮೆಟ್ಟಿಲು ಹತ್ತಿ ಬಂದು ನಿಮ್ ಜೊತೆ ಜಗಳ ಆಡೋಕೆ ಉಸಿರು ಬೇಕಲ್ಲ ಅಣ್ಣ, ಅದಕ್ಕೆ" ಎಂದು ನಕ್ಕರು ನರ್ಸಮ್ಮ. "ನಿಮಗೆ ಹೇಗಿದೆ ಉಸಿರು?"

ಕಂಬಣ್ಣನ ನಗು ಅಲ್ಲೇ ನಿಂತಿತು. "ನನಗೇನಾಗಿದೆ? ನೂರು ಕೇಜಿ ಎತ್ತೋನು ನಾನು."

"ಎತ್ತೋದು ಒಳ್ಳೇದೇ ಅಣ್ಣ, ಬೇಡ ಅಂದೋರು ಯಾರು? ಮಾಂಸಖಂಡ ಗಟ್ಟಿ ಆಗುತ್ತೆ, ಮೂಳೆ ಗಟ್ಟಿ ಆಗುತ್ತೆ. ಆದ್ರೆ ಒಂದು ನಿಮಿಷ ಎತ್ತಿ ಇಳಿಸೋದು ಬೇರೆ, ಅರ್ಧ ಗಂಟೆ ಬಿಡದೆ ಮೈಗೆಲ್ಲ ರಕ್ತ ಕಳಿಸೋದು ಬೇರೆ. ಆ ಎರಡನೇದು ಹೃದಯ, ಶ್ವಾಸಕೋಶದ ಕೆಲಸ. ಅದಕ್ಕೂ ಅಭ್ಯಾಸ ಬೇಕು. ನಿಧಾನ ಓಟ, ಬಿರುಸು ನಡಿಗೆ, ಸೈಕಲ್ಲು, ಯಾವುದಾದ್ರೂ ಸರಿ."

"ಎದೆ ಹೀಗೆ ಬಡ್ಕೊಳ್ಳೋವಾಗ ಓಡಿದ್ರೆ ಒಡೆದೇ ಹೋಗಲ್ವಾ?" ಬೇಡವೆಂದರೂ ಮಾತು ಬಾಯಿಂದ ಜಾರಿತು.

ಹೊಲಿಗೆ ಯಂತ್ರ ನಿಂತಿತು. ನರ್ಸಮ್ಮ ಅವನನ್ನೇ ನೋಡಿದರು. "ಯಾವಾಗಿಂದ ಬಡ್ಕೊಳ್ತಿದೆ ಅಣ್ಣ? ನಾಳೆ ಕೇಂದ್ರಕ್ಕೆ ಬನ್ನಿ. ಓಡೋದು ಆಮೇಲೆ, ಮೊದಲು ಪರೀಕ್ಷೆ."

"ಪರೀಕ್ಷೆ ಮಾಡಿಸಿದ್ರೆ ತಾನೇ ಕಾಯಿಲೆ ಸಿಗೋದು?" ಎಂದು ಕಂಬಣ್ಣ ಎದ್ದು ಹೋದ. ಇಲ್ಲದ ಕಾಯಿಲೆಯನ್ನು ಯಾವ ಪರೀಕ್ಷೆಯೂ ತಂದು ಕೊಡುವುದಿಲ್ಲ. ಆದರೆ ಹೆದರಿದವನಿಗೆ ಹೇಳುವವರಾರು?

ಹೃದಯಕ್ಕೂ ಅಭ್ಯಾಸ ಬೇಕೆಂಬ ನರ್ಸಮ್ಮನ ಮಾತು ಮಾತ್ರ ಅವನ ತಲೆಯಲ್ಲಿ ಉಳಿಯಿತು. ಮೂರನೇ ದಿನ ಬೆಳಿಗ್ಗೆ, ಹಾಲಿನ ನೆಪ ಹೇಳಿ, ಒಬ್ಬನೇ ಮೈದಾನಕ್ಕೆ ಹೋದ. ಪರೀಕ್ಷೆ ಗಿರೀಕ್ಷೆ ಬೇಡ, ಓಟ ತಾನೇ, ಓಡಿಬಿಟ್ಟರಾಯಿತು. ಅವನು ಓಡಿದ್ದು ತನಗೆ ಗೊತ್ತಿದ್ದ ರೀತಿಯಲ್ಲಿ. ಸಾಮಾನು ಹೊರುವವರಲ್ಲಿ ಒಂದು ಕಟ್ಟುಪಾಡಿದೆ: ಭಾರ ಎತ್ತಿದವನು ಉಸಿರು ಕಟ್ಟಬೇಕು, ತಿರುವು ಬರುವ ತನಕ ಬಿಡಬಾರದು. ಹದಿನೆಂಟು ವರ್ಷ ಹಾಗೇ ಹೊತ್ತವನು ಹಾಗೇ ಓಡಿದ. ಬಾಯಿ ಬಿಗಿದು, ಹೊಟ್ಟೆ ಬಿಗಿದು, ಮುಷ್ಟಿ ಬಿಗಿದು, ಬೆನ್ನ ಮೇಲೆ ಕಾಣದ ಬೀರು ಹೊತ್ತವನಂತೆ, ಮೈದಾನದ ಆ ಕೊನೆಗೆ ಒಂದೇ ಉಸಿರಿಗೆ ನುಗ್ಗಿದ.

ಅರ್ಧ ದಾರಿಯಲ್ಲೇ ಕಿವಿ ಗುಂಯ್ ಎಂದಿತು. ಮೊಣಕಾಲೂರಿ ಹುಲ್ಲಿನ ಮೇಲೆ ಕುಸಿದ. ಇಷ್ಟೇ, ಮುಗಿಯಿತು ಎಂದುಕೊಂಡ. ಹಾಲಿನ ಪಾತ್ರೆ ಪಕ್ಕದಲ್ಲಿ ಉರುಳಿತ್ತು. ಹೆಂಡತಿಗೆ ಯಾರು ಹೋಗಿ ಹೇಳುತ್ತಾರೆ ಎಂಬ ಯೋಚನೆ ಬಂದು ಅವನಿಗೆ ಅಳು ಬಂತು.

ಓಡುತ್ತ ಬಂದವರು ನರ್ಸಮ್ಮ. ಅವನನ್ನು ಒರಗಿಸಿ ಕೂರಿಸಿ, ನಾಡಿ ಹಿಡಿದರು. "ಮಾತಾಡ್ಬೇಡಿ. ಉಸಿರು ಹೊರಗೆ ಬಿಡಿ. ಬಿಡಿ ಅಣ್ಣ, ಯಾಕೆ ಹಿಡ್ಕೊಂಡಿದ್ದೀರಿ?" ಅವನು ಬಿಟ್ಟ. "ಅಯ್ಯೋ ದೇವರೇ, ಉಸಿರು ಕಟ್ಕೊಂಡು ಓಡಿದ್ರಾ? ಎದೆ ನೋಯ್ತಿದ್ಯಾ?"

ನೋಯುತ್ತಿರಲಿಲ್ಲ. ಆದರೂ ಅವರು ಮನೆಗೆ ಬಿಡಲಿಲ್ಲ. ಆಟೋ ಹತ್ತಿಸಿ ನೇರ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಸುದ್ದಿ ತಿಳಿದ ಹೆಂಡತಿ ಬರಿಗಾಲಲ್ಲಿ, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇಟ್ಟುಕೊಂಡು ಓಡಿಬಂದಳು. ಇಸಿಜಿ ತೆಗೆದರು, ಸಕ್ಕರೆ ನೋಡಿದರು. ಅರ್ಧ ಗಂಟೆ ಸುಧಾರಿಸಿಕೊಂಡ ಮೇಲೂ ಬಿ.ಪಿ. ನೂರ ಎಪ್ಪತ್ತರ ಮೇಲಿತ್ತು. ಕಾಗದ ನೋಡುತ್ತಿದ್ದ ಡಾಕ್ಟರ ಮುಖವನ್ನು ಕಂಬಣ್ಣ, ಶಿಕ್ಷೆ ಕೇಳಲು ನಿಂತವನ ಹಾಗೆ ನೋಡಿದ.

"ಹೃದಯಕ್ಕೆ ಪೆಟ್ಟು ಬಿದ್ದಿಲ್ಲ. ಆದ್ರೆ ಬಿ.ಪಿ. ಎಷ್ಟು ದಿನದಿಂದ ಹೀಗಿದ್ಯೋ" ಎಂದರು ಡಾಕ್ಟರು. "ಇಷ್ಟು ಬಿ.ಪಿ. ಇಟ್ಕೊಂಡು ಉಸಿರು ಕಟ್ಟಿ ಭಾರ ಎತ್ತಿದ್ರೆ, ಆ ಕ್ಷಣ ಅದು ಇನ್ನೂ ಮೇಲೆ ಹೋಗುತ್ತೆ. ಮಾತ್ರೆ ಬರೆದುಕೊಡ್ತೀನಿ, ತಪ್ಪಿಸಬೇಡಿ. ನಾನು ಹೇಳೋ ತನಕ ಭಾರ ಮುಟ್ಟಬೇಡಿ. ಮೊದಲು ನಡೀರಿ. ಆಮೇಲೆ ನಿಧಾನಕ್ಕೆ ಓಡಿ."

"ಹಾಗಾದ್ರೆ ಭಾರ ಬಿಟ್ಟು ಬರೀ ಓಡೋದಾ ಡಾಕ್ಟ್ರೇ? ನನ್ನ ಹೊಟ್ಟೆಪಾಡು?"

"ಬಿಡಿ ಅಂದ್ನಾ? ಎರಡೂ ಬೇಕು. ಒಂದು ಇನ್ನೊಂದರ ಕೆಲಸ ಮಾಡಲ್ಲ."

ನರ್ಸಮ್ಮ ಪಕ್ಕದಲ್ಲೇ ನಿಂತು ತಮ್ಮ ಗುಟ್ಟು ಹೇಳಿದರು. "ನಾನು ಹತ್ತು ವರ್ಷದಿಂದ ಓಡ್ತೀನಿ ಅಣ್ಣ. ಮೊನ್ನೆ ಸಿಲಿಂಡರ್ ಎತ್ತೋಕೆ ಹೋಗಿ ಸೊಂಟ ಹಿಡ್ಕೊಂಡು ಎರಡು ದಿನ ಮಲಗಿದ್ದೆ. ಭಾರ ಎತ್ತೋದು ನನಗೆ ನೀವು ಹೇಳಿಕೊಡಿ."

ಮಾರನೆಯ ದಿನದಿಂದ ನಡಿಗೆ ಶುರುವಾಯಿತು. ಒಬ್ಬನೇ ಬಿಡಲು ಹೆಂಡತಿಗೆ ಧೈರ್ಯವಿಲ್ಲ, ತಾನೂ ಜೊತೆಗೆ ಹೊರಟಳು. ದಿನವಿಡೀ ಕೂತು ಹೊಲಿಯುವ ಅವಳಿಗೂ ಅದು ಬೇಕಿತ್ತು. ಒಂದು ತಿಂಗಳು ಕಳೆದು, ಬಿ.ಪಿ. ಇಳಿದ ಮೇಲೆ, ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ನರ್ಸಮ್ಮನ ಅಳತೆಗೋಲು ಒಂದೇ: ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಯಿತು ಎಂದರ್ಥ. ಮಾತಾಡುತ್ತಿರುವವನು ಉಸಿರು ಕಟ್ಟಲಾರ ಎಂಬುದು ಅವರ ಲೆಕ್ಕ.

"ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಈಗ ನೋಡಿ, ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಿದ್ದಾರೆ" ಎಂದಳು ಹೆಂಡತಿ. "ನರ್ಸಮ್ಮ, ಈ ಔಷಧಿ ಮೊದಲೇ ಬರೆದುಕೊಡಬಾರದಿತ್ತಾ?"

ಆದರೂ ಭಯ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಎದೆ ಸ್ವಲ್ಪ ಜೋರಾಗಿ ಬಡಿದರೂ ಅವನು ನಿಂತುಬಿಡುತ್ತಿದ್ದ. ಹೆಂಡತಿ ಕೈ ಹಿಡಿದು ನಿಲ್ಲುತ್ತಿದ್ದಳು. ಬಡಿತ ಇಳಿಯುತ್ತಿತ್ತು. ದಿನ ಕಳೆದಂತೆ ಬೇಗ ಇಳಿಯತೊಡಗಿತು. ಎರಡನೇ ತಿಂಗಳ ಕೊನೆಗೆ ಅವನು ಮೈದಾನವನ್ನು ನಾಲ್ಕು ಸುತ್ತು ನಿಲ್ಲದೆ ಓಡಿದ. ಡಾಕ್ಟರು ಒಪ್ಪಿದ ಮೇಲೆ ಹಗುರ ಸಾಮಾನಿನಿಂದ ಕೆಲಸ ಶುರುಮಾಡಿದ, ಎತ್ತುವಾಗ ಉಸಿರು ಬಿಡುವುದನ್ನು ಹೊಸದಾಗಿ ಕಲಿತ.

ಒಂದು ಕೆಲಸ ಮಾತ್ರ ಬಾಕಿ ಇತ್ತು. ಕೆಲಸಕ್ಕೆ ಬಾರದ್ದಕ್ಕೆ ಬಾಮೈದನಿಗೆ ಅವನು ಹೇಳಿದ್ದು ಸೊಂಟ ನೋವೆಂದು. ಹೆಂಡತಿಗೂ, "ನಿನ್ ತಮ್ಮನಿಗೆ ಹೇಳ್ಬೇಡ" ಎಂದು ಆಣೆ ಹಾಕಿದ್ದ. ಮೂರು ತಿಂಗಳ ಮೇಲೆ ಐದು ಮಹಡಿಯ ಕಟ್ಟಡವೊಂದಕ್ಕೆ ಬೀರು ಹತ್ತಿಸುವ ಕೆಲಸ ಬಂತು. ಲಿಫ್ಟು ಇರಲಿಲ್ಲ. ಲಾರಿಯಿಂದ ಬೀರು ಇಳಿಸಿ ಹಗ್ಗ ಕಟ್ಟಿದ ಮೇಲೆ, ಬಾಮೈದ ಎಂದಿನಂತೆ ಕೆಳಗಿನ ತುದಿಗೆ ನಡೆದ. ಕಂಬಣ್ಣ ಅವನ ಭುಜ ಹಿಡಿದು ನಿಲ್ಲಿಸಿದ.

"ಅವತ್ತು ಬೆವರಿಗೆ ಜಾರಿದ್ದಲ್ಲ ಕಣೋ. ನನ್ನ ಉಸಿರು ನಿಂತು ಹೋಗಿತ್ತು. ಗೊತ್ತಿದ್ದೂ ನಿನ್ನ ಕೆಳಗೆ ನಿಲ್ಲಿಸಿದೆ."

ಬಾಮೈದ ಹಗ್ಗದ ಗಂಟನ್ನು ನೋಡುತ್ತ ನಿಂತ. "ನನಗೆ ಗೊತ್ತಿತ್ತು ಭಾವ. ನಿಮ್ ಮುಖ ನೀಲಿ ಆಗಿತ್ತು, ಕೆಳಗಿಂದ ಕಾಣ್ತಿತ್ತು."

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ನಿಮ್ ಕೆಲಸ ಹೋಗ್ತಿತ್ತು. ಅಕ್ಕನ ಮನೆ ನಡೀಬೇಕಲ್ಲ? ಅದಕ್ಕೇ ಬೆಳಿಗ್ಗೆ ಮನೆ ಬಿಡುವಾಗ ಮಗೂನ ಎರಡು ಸಲ ಎತ್ಕೊಳ್ತಿದ್ದೆ. ಸಂಜೆ ಸಿಗುತ್ತೋ ಇಲ್ವೋ ಅಂತ."

ಕಂಬಣ್ಣ ಇಷ್ಟು ದಿನ ತನ್ನ ಭಯ ತನ್ನೊಬ್ಬನದು ಎಂದುಕೊಂಡಿದ್ದ. ಬಾಮೈದನನ್ನು ಪಕ್ಕಕ್ಕೆ ಸರಿಸಿ, ತಾನೇ ಬಗ್ಗಿ ಕೆಳಗಿನ ತುದಿ ಹಿಡಿದ. "ಮೇಲೆ ಹೋಗು. ಪ್ರತಿ ಮಹಡಿಗೂ ನಿಲ್ಲಿಸೋಣ. ನನಗೆ ಆಗದಿದ್ರೆ ಬಾಯಿಬಿಟ್ಟು ಹೇಳ್ತೀನಿ. ನೀನೂ ಹೇಳ್ಬೇಕು." ಐದು ಕಡೆ ಇಳಿಸಿ, ಐದು ಕಡೆ ಎತ್ತಿ, ಬೀರು ಮೇಲೆ ಮುಟ್ಟಿತು. ಬಾಮೈದ ಅಲ್ಲೇ ನೆಲದ ಮೇಲೆ ಕೂತು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ತೋಳು ದಪ್ಪವಿದ್ದರೆ ಸಂತೋಷ. ಭಾರ ಎತ್ತುವುದನ್ನು ವಾರಕ್ಕೆರಡು ದಿನ ಬಿಡದೆ ಮಾಡಿ, ಉಸಿರು ಮಾತ್ರ ಕಟ್ಟಬೇಡಿ. ಆದರೆ ಹೃದಯಕ್ಕೂ ಅದರ ಪಾಲಿನ ಕೆಲಸ ಕೊಡಿ: ವಾರದಲ್ಲಿ ಐದು ದಿನ, ಅರ್ಧರ್ಧ ಗಂಟೆ, ಮಾತಾಡಲು ಆಗುವಷ್ಟು ವೇಗದಲ್ಲಿ. ಮಂಡಿ ನೋವಿದ್ದವರು ಓಡಲೇಬೇಕೆಂದಿಲ್ಲ, ಬಿರುಸಾಗಿ ನಡೆಯಿರಿ. ನಲವತ್ತು ದಾಟಿದ್ದರೆ, ಮೆಟ್ಟಿಲಲ್ಲಿ ಏದುಸಿರು ಬರುತ್ತಿದ್ದರೆ, ಮೊದಲು ಬಿ.ಪಿ. ನೋಡಿಸಿಕೊಳ್ಳಿ. ಎದೆ ನೋವೋ ತಲೆಸುತ್ತೋ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಎನ್ನಬೇಡಿ. ನೀವು ಮುಚ್ಚಿಟ್ಟದ್ದು ಮನೆಯವರಿಗೆ ಗೊತ್ತಿಲ್ಲವೆಂದು ತಿಳಿಯಬೇಡಿ, ಅವರೂ ನಿಮ್ಮಷ್ಟೇ ಹೆದರಿರುತ್ತಾರೆ. ಇವತ್ತು ಸಂಜೆಯೊಳಗೆ ಒಬ್ಬರಿಗಾದರೂ ಹೇಳಿ, ನಾಳೆ ಬೆಳಿಗ್ಗೆ ಅವರನ್ನೂ ಕರೆದುಕೊಂಡು ಹೊರಡಿ.