ಎಡಗೆನ್ನೆ

ಔದಾರ್ಯವೇ ಇರಬೇಕು. ಅಲ್ಲದಿದ್ದರೆ ಮತ್ತೇನು? ಹೆಂಡತಿ ಎದುರು ನಿಂತು, ಹೋಗಲೋ ಬೇಡವೋ ಎಂದು ಕೇಳಿದರೆ ‘ನಿನ್ನಿಷ್ಟ’ ಎನ್ನುವ ಗಂಡಂದಿರು ಎಷ್ಟು ಜನ ಇದ್ದಾರು? ಅವನ ಅಪ್ಪನಾಗಿದ್ದರೆ ಗದರಿಬಿಡುತ್ತಿದ್ದ. ಅವನು ಗದರಲಿಲ್ಲ. ಹಾಗಿದ್ದೂ, ಆ ಮಾತು ಬಾಯಿಂದ ಬಿದ್ದ ಕೂಡಲೇ ಅವಳ ಮುಖದಲ್ಲಿ ಏನೋ ಮುಚ್ಚಿಕೊಂಡಿತಲ್ಲ, ಯಾಕೆ?

ಬಸ್ಸಿನ ಕಿಟಕಿಯ ಗಾಜಿನಲ್ಲಿ ತನ್ನ ಮುಖ ಕಂಡಿತು. ಅಭ್ಯಾಸಬಲದಿಂದ ಅಳೆದ. ಹಣೆ ಜಿಡ್ಡು, ಕೆನ್ನೆ ಒಣಕಲು. ಮಿಶ್ರ ಚರ್ಮ. ಮಿಶ್ರ ಎಂಬುದು ಅನುಕೂಲದ ಪದ. ಅತ್ತಲೂ ಇಲ್ಲದ, ಇತ್ತಲೂ ಇಲ್ಲದ ಮುಖಗಳನ್ನೆಲ್ಲ ಅದರೊಳಗೆ ತುಂಬಿಬಿಡಬಹುದು.

ಬೆಳಿಗ್ಗೆ ಅವಳು ಕಾಫಿ ಲೋಟ ತೊಳೆಯುತ್ತ, ತಿರುಗದೆಯೇ ಕೇಳಿದ್ದಳು. ವಿಮಾ ಕಚೇರಿಯಲ್ಲಿ ಬಡ್ತಿ ಬಂದಿತ್ತು, ಆದರೆ ದೂರದ ಊರಿನ ಶಾಖೆಗೆ. ಕಡಿಮೆಯೆಂದರೆ ಮೂರು ವರ್ಷ. ಸಂಜೆ ಕಚೇರಿ ಮುಚ್ಚುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

“ನನ್ನಿಷ್ಟ ನನಗೆ ಗೊತ್ತು ರೀ. ನಾನು ಕೇಳಿದ್ದು ನಿಮ್ಮದು.”

“ಒಳ್ಳೆ ಅವಕಾಶ ಅಲ್ವಾ?”

“ಅದನ್ನ ನಮ್ಮ ಮ್ಯಾನೇಜರೂ ಹೇಳಿದರು. ನೀವು ಬೇರೆ ಏನಾದರೂ ಹೇಳ್ತೀರೇನೋ ಅಂದುಕೊಂಡೆ.”

“ಯೋಚನೆ ಮಾಡಿ ಹೇಳ್ತೀನಿ.”

“ಸುದ್ದಿ ಬಂದಾಗಿನಿಂದ ಅದನ್ನೇ ಮಾಡ್ತಿದ್ದೀರಿ. ಮಧ್ಯಾಹ್ನ ನಿಮ್ಮ ಲ್ಯಾಬಿಗೆ ಬರ್ತೀನಲ್ಲ, ಅಷ್ಟರಲ್ಲಿ ಮುಗಿಸಿಬಿಡಿ.” ಲೋಟವನ್ನು ಬೋರಲು ಹಾಕಿದಳು. “ನೀವು ಬೇಡ ಅಂದರೆ ನಾನು ಹೋಗಲ್ಲ. ಅಷ್ಟೇ.”

ಅಷ್ಟೇ ಎಂದರೆ ಎಷ್ಟು ಎಂದು ಅವನಿಗೆ ತಿಳಿಯಲಿಲ್ಲ. ಅವರ ಮನೆಯಲ್ಲಿ ಜಗಳವೇ ಇರಲಿಲ್ಲ. ನೆಂಟರೆಲ್ಲ ಅದನ್ನೇ ಹೊಗಳುತ್ತಿದ್ದರು. ಅವರ ಮನೆಗೆ ಹೋದರೆ ಗೋಡೆ ಗಡಿಯಾರದ ಸದ್ದೂ ಕೇಳುತ್ತದೆ ಎಂದು ಅತ್ತಿಗೆ ಹೇಳಿದ್ದನ್ನು ಅವನು ಬಹಳ ದಿನ ಹೊಗಳಿಕೆಯೆಂದೇ ತಿಳಿದಿದ್ದ.

*

ಲ್ಯಾಬು ಮೂರನೆಯ ಮಹಡಿಯಲ್ಲಿತ್ತು. ಅಳತೆಯ ಕೋಣೆಗೆ ಕಿಟಕಿಯಿಲ್ಲ. ಸೆಕೆಯಾಗಲಿ ಚಳಿಯಾಗಲಿ ಮಳೆಯಾಗಲಿ ಒಳಗೆ ಬರುವಂತಿಲ್ಲ. ಮುಖ ತೊಳೆದು ಬಂದವರು ಮೊದಲು ಗಾಜಿನ ಗೋಡೆಯಾಚೆಗಿನ ಕೋಣೆಯಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಬೇಕು. ರಸ್ತೆಯ ಬಿಸಿಲು, ಮೆಟ್ಟಿಲು ಹತ್ತಿದ ಬೆವರು, ಮನೆಯಿಂದ ಹೊತ್ತು ತಂದ ಸಿಟ್ಟು ಎಲ್ಲ ಇಳಿದು ಚರ್ಮ ಬರೀ ಚರ್ಮವಾದ ಮೇಲೆಯೇ ಅಳತೆ.

ಒಂದು ಹೊಸ ಕ್ರೀಮಿನ ಪರೀಕ್ಷೆ ಅಂದು ಕೊನೆಯ ದಿನಕ್ಕೆ ಬಂದಿತ್ತು. ಬಂದವರೆಲ್ಲ ನಾಲ್ಕು ವಾರದಿಂದ ಎಡಗೆನ್ನೆಗೆ ಒಂದು ಟ್ಯೂಬು, ಬಲಗೆನ್ನೆಗೆ ಇನ್ನೊಂದು ಟ್ಯೂಬು ಹಚ್ಚಿಕೊಳ್ಳುತ್ತಿದ್ದರು. ಎಡದ್ದು ಕಂಪನಿಯ ಹೊಸ ಮಾಲು. ಬಲದ್ದು ಹೆಸರಿಗೊಂದು ಕ್ರೀಮು. ಹಚ್ಚಿಕೊಳ್ಳುವವರಿಗೆ ಅದು ಗೊತ್ತಿಲ್ಲ. ಅಳೆಯುವವನಿಗೂ ಗೊತ್ತಿರಬಾರದು. ಆದರೆ ಕಾರಿಡಾರಿನಲ್ಲಿ ಮುಖ್ಯಸ್ಥರು ‘ಎಡ ಏನನ್ನುತ್ತೆ, ಎಡ’ ಎಂದು ಕೇಳುತ್ತ ಓಡಾಡುತ್ತಿದ್ದುದರಿಂದ ಗೊತ್ತಿಲ್ಲದವರು ಯಾರೂ ಉಳಿದಿರಲಿಲ್ಲ.

ಬೆಳಗಿನ ಮೊದಲ ಮುಖ ಟೈಲರಮ್ಮನದು. ಲ್ಯಾಬಿನ ಕೆಳಗಿನ ಓಣಿಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅವನಿಗೆ ಕೆನ್ನೆ ಮೇಷ್ಟ್ರು ಎಂದು ಹೆಸರಿಟ್ಟವಳೂ ಅವಳೇ. ಕೂತ ಇಪ್ಪತ್ತು ನಿಮಿಷವೂ ಅವಳ ಬಾಯಿಗೆ ಬಿಡುವಿರಲಿಲ್ಲ.

“ನಾನೂ ಅಳತೆ ತಗೋತೀನಿ, ನೀವೂ ತಗೋತೀರಿ ಮೇಷ್ಟ್ರೇ. ನನ್ನದರಲ್ಲಿ ಕೊನೆಗೆ ಒಂದು ರವಿಕೆಯಾದರೂ ಆಗುತ್ತೆ.”

ಅವನು ನಕ್ಕ. ಸಲಾಕೆಯಂಥ ಉಪಕರಣವನ್ನು ಅವಳ ಕೆನ್ನೆಗೆ ಒತ್ತಿದ. ಅದರ ತುದಿ ಸಣ್ಣ ಗುಂಡಿಯಷ್ಟು. ಒಂದು ಟಿಕ್ ಸದ್ದು, ಪರದೆಯ ಮೇಲೊಂದು ಅಂಕಿ. ಆ ಕೆನ್ನೆಯೊಳಗೆ ನೀರೆಷ್ಟಿದೆ ಎಂಬುದು ಅಷ್ಟರಲ್ಲಿ ತೀರ್ಮಾನ.

“ನನ್ನ ಗಂಡ ಮದುವೆಯಾದಾಗಿನಿಂದ ಇಷ್ಟು ಹತ್ತಿರ ಬಂದು ನನ್ನ ಮುಖ ನೋಡಿಲ್ಲ” ಎಂದಳು ಟೈಲರಮ್ಮ. “ನಿಮ್ಮ ಮನೆಯವರು ಪುಣ್ಯವಂತರು ಬಿಡಿ.”

“ತಲೆ ಅಲ್ಲಾಡಿಸಬೇಡಿ.”

ಎಡ ನಲವತ್ತೇಳು, ಬಲ ನಲವತ್ತೇಳು. ಆಮೇಲೆ ಬಂದ ನಿವೃತ್ತ ಪೋಸ್ಟ್‌ಮ್ಯಾನನ ಎರಡು ಕೆನ್ನೆಗಳಿಗೂ ವ್ಯತ್ಯಾಸವಿರಲಿಲ್ಲ. ಹೊಸ ಕ್ರೀಮು ಏನೂ ಮಾಡುತ್ತಿರಲಿಲ್ಲ. ಕೆಟ್ಟದ್ದೂ ಇಲ್ಲ, ಒಳ್ಳೆಯದೂ ಇಲ್ಲ. ಅವನಿಗೆ ಅದರ ಮೇಲೆ ಒಂದು ಬಗೆಯ ಬಂಧುತ್ವ ಹುಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಮುಖ್ಯಸ್ಥರು ಬಾಗಿಲಲ್ಲಿ ಮುಖ ಹಾಕಿದರು. “ಎಡ?”

“ಬಲದ ಹಾಗೇ ಇದೆ ಸಾರ್.”

“ಕೆಲವೇ ಮುಖ ಉಳಿದಿವೆ ಕಣ್ರೀ. ಒಂದಾದರೂ ಎದ್ದು ನಿಲ್ಲಲಿ.” ಹೋದವರು ತಿರುಗಿ ಬಂದರು. “ನಿಮ್ಮ ಮನೆಯವರು ಬರ್ತಾರೆ ತಾನೆ?”

ಸಂಬಂಧಿಕರನ್ನು ಸೇರಿಸಿಕೊಳ್ಳಬಾರದೆಂಬ ನಿಯಮವಿತ್ತು. ಜನ ಕಡಿಮೆ ಬಿದ್ದಾಗ ಮುಖ್ಯಸ್ಥರೇ ಅದನ್ನು ಪಕ್ಕಕ್ಕಿಟ್ಟಿದ್ದರು. ಕೇಳಿದ ಕೂಡಲೇ ಅವಳು ಒಪ್ಪಿದ್ದಳು. “ಹಾಗಾದರೂ ನನ್ನ ಮುಖ ನೋಡ್ತೀರಲ್ಲ.” ಅದು ತಮಾಷೆಯೆಂದು ಅವನು ನಕ್ಕಿದ್ದ. ಮೊದಲ ದಿನದ ಅಳತೆಗೆ ಬಂದಾಗ, ಉಪಕರಣ ಒತ್ತಿದ್ದೇ ಅವಳಿಗೆ ನಗು ತಡೆಯಲಾಗಲಿಲ್ಲ. ಕೆನ್ನೆ ಕುಣಿದು ಅಂಕಿ ಕೆಟ್ಟಿತು. ಅವನು ಅದನ್ನು ಅಳಿಸಿ, ಅವಳನ್ನು ಮತ್ತೆ ಇಪ್ಪತ್ತು ನಿಮಿಷ ಕೂರಿಸಿ, ಹೊಸದಾಗಿ ಅಳೆದಿದ್ದ. ನಕ್ಕರೆ ಮತ್ತೆ ತೆಗೆಯಬೇಕು. ನಿಯಮ.

*

ಅವಳು ಬಂದಳು. ಮುಖ ತೊಳೆದು ಗಾಜಿನಾಚೆ ಕೂತಳು. ತೊಳೆದ ಮುಖದಲ್ಲಿ ಅವಳು ಎಂದಿಗಿಂತ ಚಿಕ್ಕವಳಾಗಿಯೂ, ದಣಿದವಳಾಗಿಯೂ ಕಂಡಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಪರೀಕ್ಷೆಗೆ ಕೂತವರು ಹಾಗೆ ಇಟ್ಟುಕೊಳ್ಳಬೇಕು, ಮುಖ ಮುಟ್ಟಿಕೊಳ್ಳಬಾರದು.

ಕೋಣೆಯ ತೇವಾಂಶ ನೋಡುವ ನೆಪದಲ್ಲಿ ಅವನು ಒಳಗೆ ಹೋದ.

“ರೀ.”

“ಇಲ್ಲಿ ಮಾತಾಡಬಾರದು.”

“ಯಾರು ಹೇಳಿದ್ದು?”

“ಮಾತಾಡಿದರೆ ಮುಖ ಬಿಸಿಯಾಗುತ್ತೆ. ಅಳತೆ ಕೆಡುತ್ತೆ. ಸುಮ್ಮನೆ ಕೂತಿರಿ.”

ಅವನು ಹೆಂಡತಿಗೆ ಬಹುವಚನ ಹಾಕಿದ್ದ. ಬಾಯಿಗೆ ಅದೇ ಬಂತು, ದಿನವಿಡೀ ಆಡುವ ಮಾತು. ಅವಳು ಅವನನ್ನೇ ಕ್ಷಣಕಾಲ ನೋಡಿದಳು.

“ಸರಿ ಸಾರ್” ಎಂದಳು.

ಮಾತಾಡಬಾರದೆಂಬ ನಿಯಮವನ್ನು ಬರೆದು ಗೋಡೆಗೆ ಅಂಟಿಸಿದವನು ಅವನೇ. ಬೆಳಿಗ್ಗೆ ಟೈಲರಮ್ಮ ಬಾಯಿ ಬಿಚ್ಚಿದಾಗ ಅದು ಅವನಿಗೆ ನೆನಪಾಗಿರಲಿಲ್ಲ. ಹೊರಗೆ ಬಂದು ಪರದೆಯ ಮುಂದೆ ಕೂತ. ಗಾಜಿನಾಚೆ ಅವಳು, ಈಚೆ ಅವನು. ಯೋಚಿಸಲು ಹೊತ್ತಿತ್ತು. ಯೋಚಿಸಿದ. ಅವಳಿಲ್ಲದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ. ಅಡಿಗೆಮನೆ ಬಂತು, ಬೋರಲು ಹಾಕಿದ ಲೋಟ ಬಂತು, ಗಡಿಯಾರದ ಸದ್ದು ಬಂತು. ಈಗಿನ ಮನೆಗೂ ಅದಕ್ಕೂ ಏನು ವ್ಯತ್ಯಾಸ ಎಂದು ಹುಡುಕಿದ. ವ್ಯತ್ಯಾಸ ಸಿಗದೆ ಗಾಬರಿಯಾಯಿತು. ಅಂದರೆ ಅವಳು ಹೋಗಬಹುದೆಂದೋ? ಅಥವಾ ಎಂದೋ ಹೋಗಿಬಿಟ್ಟಿದ್ದಾಳೆಂದೋ? ಹೋಗಿದ್ದರೆ, ಬೆಳಿಗ್ಗೆ ಕೇಳಿದವಳು ಯಾರು?

ಇಪ್ಪತ್ತು ನಿಮಿಷದ ಗಂಟೆ ಹೊಡೆಯಿತು. ಅವಳು ಈಚೆ ಬಂದು ಅಳತೆಯ ಕುರ್ಚಿಯಲ್ಲಿ ಕೂತಳು.

ಮೊದಲು ಹಣೆಯ ಜಿಡ್ಡು. ಅದಕ್ಕೊಂದು ಮಂಕು ಬಿಳುಪಿನ ಸುರುಳಿ ಪಟ್ಟಿ, ಉಸಿರು ತಾಗಿ ಮಸುಕಾದ ಗಾಜಿನ ಹಾಗೆ ಇರುವುದು. ಹಣೆಗೆ ಅರ್ಧ ನಿಮಿಷ ಒತ್ತಿ ಹಿಡಿದರೆ, ಎಣ್ಣೆ ಬಿದ್ದ ಕಾಗದದಲ್ಲಿ ಬೆಳಕು ಹಾಯುವಂತೆ, ಆ ಜಾಗವಷ್ಟೇ ತಿಳಿಯಾಗುತ್ತದೆ. ಎಷ್ಟು ತಿಳಿಯೋ ಅಷ್ಟು ಜಿಡ್ಡು.

ಅವಳು ಕಣ್ಣು ಮುಚ್ಚಿದಳು. ಜ್ವರ ನೋಡುವವನ ಹಾಗೆ ಅವನ ಕೈ ಅವಳ ಹಣೆಯ ಮೇಲೆ ನಿಂತಿತು. ಹೀಗೆ ಕೈಯಿಟ್ಟು ಎಷ್ಟು ಕಾಲವಾಯಿತು? ಹೋದ ವರ್ಷ ಅವಳಿಗೆ ಜ್ವರ ಬಂದಾಗ ಥರ್ಮಾಮೀಟರ್ ತಂದುಕೊಟ್ಟಿದ್ದ. ಅರ್ಧ ನಿಮಿಷ ಮುಗಿಯಿತು. ಕೈ ತೆಗೆದ. ಅವಳು ಇನ್ನೂ ಒಂದಿಷ್ಟು ಹೊತ್ತು ಕಣ್ಣು ತೆರೆಯಲಿಲ್ಲ.

ಬಲಗೆನ್ನೆ. ಮೂರು ಸಲ ಒತ್ತಬೇಕು. ನಲವತ್ತೆಂಟು, ನಲವತ್ತೊಂಬತ್ತು, ನಲವತ್ತೆಂಟು.

ಎಡಗೆನ್ನೆ. ಮೊದಲನೆಯದು ನಲವತ್ತೊಂಬತ್ತು.

“ಈಗ ಮಾತಾಡಬಹುದಾ?” ಎಂದಳು, ತುಟಿಯನ್ನು ಹೆಚ್ಚು ಅಲುಗಿಸದೆ.

“ಇದೊಂದು ಆಗಲಿ.”

“ಇದಾದ ಮೇಲೆ ನಾನು ಆಫೀಸಿಗೆ ಹೋಗಬೇಕು ರೀ. ಅಲ್ಲಿ ಕಾಯ್ತಿರ್ತಾರೆ.”

“ಹೂಂ.”

“ಏನು ಹೇಳಲಿ?”

ಅವನು ಉಪಕರಣದ ತುದಿಯನ್ನು ಹತ್ತಿಯಿಂದ ಒರೆಸಿದ. ಒರೆಸಬೇಕಾದ್ದಕ್ಕಿಂತ ಹೆಚ್ಚೇ ಒರೆಸಿದ. ತಲೆಯೆತ್ತದೆ ಅದನ್ನು ಮತ್ತೆ ಎಡಗೆನ್ನೆಗೆ ಒತ್ತಿದ. ಟಿಕ್. ಎಂಬತ್ತೆಂಟು.

ಯಂತ್ರ ಕೆಟ್ಟಿತೆಂದುಕೊಂಡ. ಇನ್ನೊಮ್ಮೆ ಒತ್ತಿದ. ತೊಂಬತ್ತೊಂದು.

ಆಗ ನೋಡಿದ. ಎಡಗಣ್ಣಿನ ತುದಿಯಿಂದ ಒಂದು ಸಣ್ಣ ಗೆರೆ ಇಳಿದು, ಅವನು ಒತ್ತುತ್ತಿದ್ದ ಜಾಗದಲ್ಲೇ ಹರಡಿಕೊಂಡಿತ್ತು. ಅವಳು ಒರೆಸಿಕೊಂಡಿರಲಿಲ್ಲ. ಕೈಗಳು ಮಡಿಲಲ್ಲೇ ಇದ್ದವು. ಮುಖ ಮುಟ್ಟಿಕೊಳ್ಳಬಾರದೆಂಬ ನಿಯಮವನ್ನು ಅವಳು ಪಾಲಿಸುತ್ತಿದ್ದಳು.

ಬಾಯಿ ತೆರೆದ. ಪರದೆಯ ಕಡೆ ತಿರುಗಿದ.

ಪರದೆಯ ಮೇಲೆ ಎರಡು ಚೌಕ ಮೂಡಿದ್ದವು. ‘ಇರಲಿ’ ಎಂಬುದೊಂದು, ‘ಮತ್ತೆ ತೆಗೆ’ ಎಂಬುದೊಂದು. ಮತ್ತೆ ತೆಗೆಯುವುದೆಂದರೆ ಮುಖ ಒರೆಸಿ, ಇನ್ನೊಮ್ಮೆ ಇಪ್ಪತ್ತು ನಿಮಿಷ. ಸರದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರಿಬ್ಬರೇ.

ಅವಳಿಗೂ ನಿಯಮ ಗೊತ್ತಿತ್ತು. ನಕ್ಕ ದಿನ ಕಲಿತದ್ದು.

“ಕೆಟ್ಟುಹೋಯಿತಾ?” ಎಂದಳು. ದನಿಯಲ್ಲಿ ಒಂದು ಹುರುಪು ಇಣುಕಿತು. “ಮತ್ತೆ ಕೂರಲಾ? ನಾನು ಕೂರ್ತೀನಿ. ಆಫೀಸಿಗೆ ಫೋನ್ ಮಾಡಿ ತಡ ಆಗುತ್ತೆ ಅಂತೀನಿ.”

ಇಪ್ಪತ್ತು ನಿಮಿಷ. ಎದುರುಬದುರು. ಈ ಕೆನ್ನೆ ಒಣಗುವವರೆಗೆ ಅದನ್ನು ನೋಡುತ್ತ ಕೂರಬೇಕು. ಯಾಕೆ ಒದ್ದೆಯಾಯಿತೆಂದು ಕೇಳದೆ ಆಗುವುದಿಲ್ಲ.

“ಏನಿಲ್ಲ” ಎಂದ. “ಬಂತು. ಸಾಕು.”

‘ಇರಲಿ’ ಒತ್ತಿದ.

ಅವಳು ಎದ್ದಳು. ಸೆರಗಿನಿಂದಲ್ಲ, ಅವನು ಚಾಚಿದ ಹತ್ತಿಯಿಂದಲೂ ಅಲ್ಲ, ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. ಪರೀಕ್ಷೆ ಮುಗಿದಿತ್ತು, ಈಗ ಮುಟ್ಟಿಕೊಳ್ಳಬಹುದಿತ್ತು.

“ಮನೆಗೆ ಬರ್ತೀರಲ್ಲ?”

“ಎಂದಿನ ಹಾಗೇ.”

“ಎಂದಿನ ಹಾಗೇ” ಎಂದು ಅವಳೂ ಹೇಳಿ ಹೋದಳು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಒಂದು ಕಡೆ ನಿಂತಿತು. ಅವನು ಕಿವಿಗೊಟ್ಟ. ಮತ್ತೆ ಇಳಿಯತೊಡಗಿತು.

*

ಸಂಜೆ ಮುಖ್ಯಸ್ಥರ ಕೋಣೆಯಲ್ಲಿ ಹಬ್ಬದ ಕಳೆ. ಪರದೆಯ ಮೇಲೆ ಎಲ್ಲ ಎಡಗೆನ್ನೆಗಳ ಗೆರೆ ಮಲಗಿಕೊಂಡೇ ಸಾಗಿ, ಒಂದು ಕಡೆ ಮಾತ್ರ ಗೋಪುರದಂತೆ ಎದ್ದಿತ್ತು.

“ಇದೊಂದು ಇಲ್ಲದಿದ್ದರೆ ಮಾನ ಹೋಗ್ತಿತ್ತು ಕಣ್ರೀ. ಸರಾಸರಿಯನ್ನ ಒಂದೇ ಕೆನ್ನೆ ಎತ್ತಿ ಹಿಡಿದಿದೆ. ಯಾರದು?”

“ನಮ್ಮ ಮನೆಯವರದು.”

“ನೋಡಿದಿರಾ! ಕ್ರೀಮು ಅವರಿಗೆ ಒಗ್ಗಿಬಿಟ್ಟಿದೆ. ಅಳತೆ ಸರಿಯಾಗಿದೆ ತಾನೆ? ಏನಾದರೂ ಎಡವಟ್ಟು?”

ಅವನು ಗೋಪುರವನ್ನು ನೋಡಿದ. ಅಳಿಸಿ ಎನ್ನಬಹುದಿತ್ತು. ಯಾಕೆ ಎಂದು ಕೇಳುತ್ತಾರೆ. ಅಳು ಎನ್ನಬೇಕು. ಯಾಕೆ ಅತ್ತರು ಎನ್ನುತ್ತಾರೆ.

“ಇಲ್ಲ ಸಾರ್.”

“ಹಾಗಿದ್ದರೆ ತಗೊಳ್ಳಿ.” ಮುಖ್ಯಸ್ಥರು ಕಪಾಟಿನಿಂದ ಒಂದು ಡಬ್ಬಿ ತೆಗೆದು ಅವನ ಕೈಗಿಟ್ಟರು. ಎಡಗೆನ್ನೆಯ ಟ್ಯೂಬುಗಳು. “ಮನೆಯವರಿಗೆ ಕೊಡಿ. ಬಿಡದೆ ಹಚ್ಚಲಿ. ಮುಖ ಎಷ್ಟು ತುಂಬಿಕೊಂಡಿರಬೇಕು, ನಿಮಗೇ ಕಾಣ್ತಿರಬೇಕಲ್ಲ!”

“ಕಾಣ್ತಿದೆ” ಎಂದ.

ಅಳತೆಯ ಕೋಣೆಗೆ ಬಂದು ಉಪಕರಣಗಳನ್ನು ಒರೆಸಿಟ್ಟ. ಫೋನು ಬಂತು. ಅವಳೇ.

“ಹೂಂ ಅಂದುಬಿಟ್ಟೆ ರೀ.”

“ಹೌದಾ. ಒಳ್ಳೇದಾಯ್ತು.”

“ಬರುವ ವಾರ ಹೊರಡಬೇಕಂತೆ. ದೊಡ್ಡ ಸೂಟ್‌ಕೇಸು ಅಟ್ಟದ ಮೇಲಿದೆ, ಇಳಿಸಿಕೊಡ್ತೀರಾ?”

“ಇಳಿಸ್ತೀನಿ.”

“ಮತ್ತೆ?”

ಫೋನಿನಾಚೆ ಬಸ್ಸುಗಳ ಸದ್ದು. ಅವಳು ಇನ್ನೂ ರಸ್ತೆಯಲ್ಲೇ ಎಲ್ಲೋ ನಿಂತಿದ್ದಳು. ನಡೆಯುತ್ತಿರಲಿಲ್ಲ.

“ಮತ್ತೇನಿಲ್ಲ” ಎಂದ. “ಜೋಪಾನ.”

ಫೋನು ಇಟ್ಟ ಮೇಲೆ, ಎಸೆಯುವ ಮುಂಚೆ, ಜಿಡ್ಡಿನ ಪಟ್ಟಿಯನ್ನು ಎಳೆದು ನೋಡಿದ. ದಿನದ ಹಣೆಗಳೆಲ್ಲ ಅದರಲ್ಲಿ ಒಂದರ ಪಕ್ಕ ಒಂದು ಒತ್ತಿಕೊಂಡಿದ್ದವು. ಕೊನೆಯದು ಅವಳದು. ಹೆಬ್ಬೆರಳಿನುಗುರಿನಷ್ಟು ತಿಳಿಯಾದ ಒಂದು ಜಾಗ. ಅದರ ಮುಂದಿನ ಖಾಲಿ ಭಾಗಕ್ಕೆ ತನ್ನ ಹಣೆಯನ್ನು ಒತ್ತಿ ಹಿಡಿದ, ಅರ್ಧ ನಿಮಿಷಕ್ಕಿಂತ ಹೆಚ್ಚೇ ಹಿಡಿದ. ತೆಗೆದು ನೋಡಿದರೆ ಪಟ್ಟಿ ಇದ್ದ ಹಾಗೇ ಮಂಕಾಗಿತ್ತು. ಬಿಡದ ಎ.ಸಿ. ಗಾಳಿಯ ಈ ಕೋಣೆಯಲ್ಲಿ ಇಡೀ ದಿನ ಕೂತವನ ಹಣೆ ಒಣಗಿರುತ್ತದೆ, ಅದರಲ್ಲಿ ವಿಶೇಷವೇನಿಲ್ಲ ಎಂದು ತನಗೇ ವಿವರಿಸಿಕೊಂಡ.

ಪಟ್ಟಿಯನ್ನು ದೀಪದ ಕಡೆಗೆ ಎತ್ತಿ ಹಿಡಿದ. ಸುತ್ತಲೂ ಬಿಳಿಯ ಮಂಕು. ಅವಳ ಹಣೆ ತಾಗಿದಲ್ಲಿ ಮಾತ್ರ ಒಂದು ಕಿಂಡಿ. ಆ ಕಿಂಡಿಯಲ್ಲಿ ಗಾಜಿನ ಕೋಣೆ ಕಂಡಿತು, ಕುರ್ಚಿ ಕಂಡಿತು, ಕುರ್ಚಿಯ ಖಾಲಿತನವೂ ಒಂದು ಗೆರೆ ಅತ್ತಿತ್ತಾಗದಂತೆ ಸ್ಪಷ್ಟವಾಗಿ ಕಂಡಿತು.

ಅಂದು ರಾತ್ರಿ ಸೂಟ್‌ಕೇಸು ಇಳಿಸಿಕೊಟ್ಟ, ಧೂಳು ಒರೆಸಿಕೊಟ್ಟ, ಮುಂದಿನ ವಾರ ಬಸ್‌ನಿಲ್ದಾಣದವರೆಗೆ ಹೊತ್ತೂ ತಂದ. ಹೋಗಬೇಡ ಎಂದು ಅವನು ಹೇಳಲಿಲ್ಲ.